ಎರಡು ಸಂಪ್ರದಾಯಗಳ ಒಂದು ಧ್ವನಿಮುದ್ರಿಕೆ

ಶೃಂಗೇರಿಯಿಂದ ಕೆರೆಕಟ್ಟೆಯ ಮಾರ್ಗವಾಗಿ ಘಟ್ಟವನ್ನಿಳಿದರೆ ಕಾರ್ಕಳ, ಮುಂದೆ ಮಂಗಳೂರು. ಈ ದಾರಿಯ ಎರಡು ತುದಿಗಳೊಡನೆಯೂ ಸಂಬಂಧವಿದ್ದ ಕಲಾವಿದರು ಕದ್ರಿ ಗೋಪಾಲನಾಥರು. ಹುಟ್ಟಿದುದು ಬಂಟ್ವಾಳ ತಾಲೂಕಿನ ಸಜಿಪಮೂಡದಲ್ಲಿ. ಶೃಂಗೇರಿಯ ಶಾರದಾ ಪೀಠವು ಅವರನ್ನು ಆಸ್ಥಾನ ವಿದ್ವಾಂಸರೆಂದು ಗೌರವಿಸಿತ್ತು. ಅಮೆರಿಕದ ವಾದಕರೊಡನೆ ಅವರು ನುಡಿಸಿದ ‘ಕಿನ್ಸ್‌ಮೆನ್’ ಎಂಬ ಧ್ವನಿಮುದ್ರಿಕೆ 2008ರಲ್ಲಿ ಪ್ರಕಟವಾಯಿತು. ಹೆಸರಿಗೆ ‘ಬಂಧುಗಳು’ ಎಂದರ್ಥ. ಎರಡು ಸಂಪ್ರದಾಯಗಳ ವಾದಕರು ಒಂದೆಡೆ ಕುಳಿತಾಗ ಯಾರು ಯಾರಿಗೆ ಬಾಗುತ್ತಾರೆ ಎಂಬುದು ಸಂಗೀತಜ್ಞರಷ್ಟೇ ಕೇಳಬೇಕಾದ ಪ್ರಶ್ನೆಯಲ್ಲ. ಚರಿತ್ರೆಯ ವಿದ್ಯಾರ್ಥಿಗಳಾದ ನಾವೂ ಕೇಳತಕ್ಕದ್ದು.

ಇಂತಹ ಸಂಪರ್ಕ ಹೊಸದೇನೂ ಅಲ್ಲ. ಈಸ್ಟ್ ಇಂಡಿಯಾ ಕಂಪನಿಯ ಬ್ಯಾಂಡುಗಳಿಂದ ಕೇಳಿದ ಮಟ್ಟುಗಳಿಗೆ ಮುತ್ತುಸ್ವಾಮಿ ದೀಕ್ಷಿತರು ಸಂಸ್ಕೃತ ಸಾಹಿತ್ಯವನ್ನು ಹೊಂದಿಸಿದರು, ಅವೇ ನೊಟ್ಟುಸ್ವರಗಳು. ಐರ್ಲೆಂಡಿನ ಮ್ಯಾಲೊ ಊರಿನ ಹೆಸರನ್ನು ಹೊತ್ತ ‘ರೇಕ್ಸ್ ಆಫ್ ಮ್ಯಾಲೊ’ ಎಂಬ ಕುಣಿತದ ಮಟ್ಟು ಅವರಲ್ಲಿ ‘ವಂದೇ ಮೀನಾಕ್ಷಿ’ ಆಯಿತು. ಶಂಕರಾಭರಣದ ಸ್ವರಗಳು ಆ ಮಟ್ಟಿಗೆ ಹೊಂದುವುವಾದರೂ ರಾಗಕ್ಕೆ ಜೀವಾಳವಾದ ಗಮಕಕ್ಕೆ ಅಲ್ಲಿ ಅವಕಾಶವಿಲ್ಲ. ಮಾತು ನಮ್ಮದು, ನಡೆ ಅವರದು. ವಾದ್ಯಗಾರರು ಕೂಡಿ ನುಡಿಸಿದ ಸಂಗೀತವಂತೂ ಅದಲ್ಲ.

ಗೋಪಾಲನಾಥರ ವಿಷಯದಲ್ಲಿ ಬಾಗಿದುದು ವಾದ್ಯ. ತಂದೆ ನಾಗಸ್ವರ ವಿದ್ವಾಂಸರು. ಮಗನಾದರೋ ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನನ್ನು ಕಂಡು ಅದಕ್ಕೆ ಮನಸೋತರು. ನಾಗಸ್ವರದ ತೆರೆದ ರಂಧ್ರವನ್ನು ಬೆರಳು ಅರೆಮುಚ್ಚಬಲ್ಲದು. ಸ್ವರದಿಂದ ಸ್ವರಕ್ಕೆ ಜಾರುವ ಗಮಕ ಅಲ್ಲಿ ಸಹಜ. 1846ರಲ್ಲಿ ಬೆಲ್ಜಿಯಮ್ಮಿನ ಅಡಾಲ್ಫ್ ಸ್ಯಾಕ್ಸನು ಹಕ್ಕುಪತ್ರ ಪಡೆದ ಈ ವಾದ್ಯದಲ್ಲಿ ರಂಧ್ರಗಳಿಗೆ ಲೋಹದ ಮುಚ್ಚಳಗಳಿವೆ. ಆ ಜಾರಿಕೆಯನ್ನು ಬಹುಮಟ್ಟಿಗೆ ತುಟಿಯಿಂದಲೂ ಉಸಿರಿನಿಂದಲೂ ಸಾಧಿಸಬೇಕು. ಮಂಗಳೂರಿನಲ್ಲಿ ಎನ್. ಗೋಪಾಲಕೃಷ್ಣ ಅಯ್ಯರ್, ಮದ್ರಾಸಿನಲ್ಲಿ ಟಿ. ವಿ. ಗೋಪಾಲಕೃಷ್ಣನ್ ಅವರ ಬಳಿ ಕಲಿತು, ದೀರ್ಘಕಾಲದ ಸಾಧನೆಯಿಂದ ಅವರು ಅದನ್ನು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿಕೊಂಡರು. ಸಂಪ್ರದಾಯವಾದಿಗಳ ಕಿವಿಗೆ ಇದು ಮೊದಲು ಒರಟಾಗಿ ಕೇಳಿಸಿದ್ದರೆ ಅಚ್ಚರಿಯಿಲ್ಲ. ಆದರೆ ಪಿಟೀಲೂ ಹೊರಗಿನಿಂದಲೇ ಬಂದುದನ್ನು ಮರೆಯಲಾಗದು.

‘ಕಿನ್ಸ್‌ಮೆನ್’ ಇದಕ್ಕಿಂತ ಜಟಿಲವಾದುದು. ಅದರ ರೂವಾರಿ ರುದ್ರೇಶ ಮಹಾಂತಪ್ಪ. ಕನ್ನಡ ದಂಪತಿಗಳ ಮಗ, 1971ರಲ್ಲಿ ಇಟಲಿಯಲ್ಲಿ ಹುಟ್ಟಿ ಅಮೆರಿಕದ ಕೊಲರಾಡೊದಲ್ಲಿ ಬೆಳೆದವರು. ಬಾಸ್ಟನ್ನಿನಲ್ಲಿ ಜಾಝ್ ಕಲಿಯುತ್ತಿದ್ದಾಗ ಅಣ್ಣನು ತಮಾಷೆಗೆಂದು ಕೊಟ್ಟ ಗೋಪಾಲನಾಥರ ಧ್ವನಿಮುದ್ರಿಕೆಯೇ ಅವರ ಕಣ್ತೆರೆಸಿತು. ಇಬ್ಬರದೂ ಆಲ್ಟೊ ಸ್ಯಾಕ್ಸೊಫೋನ್. ಅಡ್ಡಿ ವಾದ್ಯದ್ದಲ್ಲ, ವ್ಯಾಕರಣದ್ದು. ಜಾಝ್ ವಾದಕನು ಸಾಮಾನ್ಯವಾಗಿ ಬದಲಾಗುತ್ತ ಹೋಗುವ ಸ್ವರಮೇಳಗಳ ಮೇಲೆ ಮನೋಧರ್ಮವನ್ನು ಹರಿಸುತ್ತಾನೆ. ರಾಗಕ್ಕಾದರೋ ಆಧಾರಷಡ್ಜವೊಂದೇ ನೆಲೆ. ಅಡಿಯ ಸ್ವರಮೇಳ ಕದಲಿದರೆ ರಾಗದ ಮುಖವೇ ಕೆಡುವ ಸಂಭವವುಂಟು. ಆದುದರಿಂದ ಇಬ್ಬರೂ ನಿಲ್ಲಬಹುದಾದ ನೆಲವನ್ನು ಹೊಸದಾಗಿಯೇ ರಚಿಸಬೇಕಾಯಿತು. ಎ. ಕನ್ಯಾಕುಮಾರಿಯವರ ಪಿಟೀಲು, ಪೂವಲೂರು ಶ್ರೀಜಿಯವರ ಮೃದಂಗ, ರೆಜ್ ಅಬ್ಬಾಸಿಯವರ ಗಿಟಾರು, ಕಾರ್ಲೊ ಡಿ ರೋಸಾ ಅವರ ಬಾಸ್, ರಾಯಲ್ ಹಾರ್ಟಿಗನ್ ಅವರ ಡ್ರಮ್ಸ್ ಇಲ್ಲಿ ಜೊತೆಗೂಡಿವೆ. ನಡುನಡುವೆ ಬರುವ ಕಿರು ಆಲಾಪಗಳು ಗಿಟಾರಿಗೂ ಬಾಸಿಗೂ ಪಿಟೀಲಿಗೂ ಬೇರೆಬೇರೆಯಾಗಿ ಮೀಸಲು. ಪಾಶ್ಚಾತ್ಯ ವಾದಕರಿಗೆ ನಮ್ಮ ಆಲಾಪದ ಹೊಣೆಯನ್ನು ವಹಿಸಿದ ಈ ಏರ್ಪಾಡು ನನಗೆ ಬಹಳ ಅರ್ಥಪೂರ್ಣವಾಗಿ ತೋರುತ್ತದೆ.

1983ರ ‘ಜ್ಯೋತಿ’ಯಲ್ಲಿ ಬೇರೊಂದು ಬಗೆಯ ಹೊಂದಾಣಿಕೆಯಿದೆ. ಅಲ್ಲಿ ಅಮೆರಿಕದ ಚಾರ್ಲಿ ಮರಿಯಾನೊ ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ತಂಡದೊಡನೆ ನುಡಿಸಿದರು, ಆರ್. ಎ. ರಮಾಮಣಿಯವರ ಗಾಯನಕ್ಕೂ ಟಿ. ಎ. ಎಸ್. ಮಣಿಯವರ ಮೃದಂಗಕ್ಕೂ ಅತಿಥಿಯು ಹೊಂದಿಕೊಂಡರು. ಎರಡನ್ನೂ ‘ಫ್ಯೂಷನ್’ ಎಂಬ ಒಂದೇ ಸಡಿಲವಾದ ಹೆಸರಿನಿಂದ ಕರೆದುಬಿಡುವುದು ವಿಮರ್ಶೆಯ ಸೋಮಾರಿತನ.

ಗೋಪಾಲನಾಥರು 2019ರ ಅಕ್ಟೋಬರ್ 11ರಂದು ಮಂಗಳೂರಿನಲ್ಲಿ ನಿಧನರಾದರು. ‘ಕಿನ್ಸ್‌ಮೆನ್’ನಲ್ಲಿ ‘ಕಲ್ಯಾಣಿ’ ಎಂಬ ಭಾಗವೊಂದಿದೆ. ಆ ರಾಗದ ಪರಿಚಯವುಳ್ಳ ವಿದ್ಯಾರ್ಥಿಗಳು ಅದನ್ನು ಎರಡು ಸಲ ಕೇಳಲಿ. ವಾದಕರ ಹೆಸರನ್ನು ನೋಡದೆ ಗಮಕವೊಂದರಿಂದಲೇ ಯಾವ ಸ್ಯಾಕ್ಸೊಫೋನ್ ಯಾರದೆಂದು ಗುರುತಿಸಲು ಪ್ರಯತ್ನಿಸಲಿ.