ಕಡಿಮೆ ದುಡ್ಡಿನ ಸಿನಿಮಾಕ್ಕೆ ಕರಿಬಟ್ಟೆಯೇ ಮೊದಲ ಖರ್ಚು

ಕಡಿಮೆ ದುಡ್ಡಿನಲ್ಲಿ ತೆಗೆದ ಸಿನಿಮಾವನ್ನು ನೋಡಿದ ಎರಡೇ ನಿಮಿಷಕ್ಕೆ ಪ್ರೇಕ್ಷಕರು ಗುರುತು ಹಿಡಿದುಬಿಡುತ್ತಾರೆ. ಯಾವುದರಿಂದ ಗುರುತು ಸಿಗುತ್ತದೆ ಎಂದು ಕೇಳಿದರೆ ಹೊಸ ನಿರ್ದೇಶಕರು ಮೊದಲು ಬೆರಳು ತೋರಿಸುವುದು ಕ್ಯಾಮೆರಾದ ಕಡೆಗೆ. ಆ ಮಾತಿಗೆ ಫಿಲ್ಮಿನ ಕಾಲದಲ್ಲಿ ಅರ್ಥವಿತ್ತು. ಇವತ್ತು ಮದುವೆ ಚಿತ್ರೀಕರಣಕ್ಕೆ ಹೋಗುವ ಸಾಧಾರಣ ಕ್ಯಾಮೆರಾ ಕೂಡ ಚಿತ್ರಮಂದಿರದ ಪರದೆಗೆ ಸಾಲುವಷ್ಟು ವಿವರ ಕೊಡುತ್ತದೆ. ಬಡತನ ಎದ್ದು ಕಾಣುವುದು ಬೇರೆಡೆ: ಮಾತಾಡುತ್ತಿರುವ ಮುಖ, ಹಿಂದಿನ ಬಿಳಿ ಗೋಡೆ, ಗೋಡೆಯ ಕ್ಯಾಲೆಂಡರ್, ಮೂಲೆಯ ಕಬ್ಬಿಣದ ಬೀರು, ಎಲ್ಲದರ ಮೇಲೂ ಒಂದೇ ಸಮನೆ ಬೆಳಕು ಸುರಿದಿರುತ್ತದೆ. ಎಲ್ಲಿ ನೋಡಬೇಕೆಂದು ಕಣ್ಣಿಗೆ ತೋಚುವುದಿಲ್ಲ. ಬೆಳಕು ಸಾಲದೆ ಕೆಟ್ಟ ದೃಶ್ಯಗಳಿಗಿಂತ ಬೆಳಕನ್ನು ತಡೆಯದೆ ಕೆಟ್ಟ ದೃಶ್ಯಗಳೇ ಹೆಚ್ಚು. ಹಾಗಾಗಿ ಕೈಯಲ್ಲಿ ಇರುವ ಹಣ ಅಲ್ಪವಾದರೆ, ಅದರ ಮೊದಲ ಪಾಲು ಬೆಳಕನ್ನು ಕೊಡುವ ಸಾಮಾನಿಗಿಂತ ಬೆಳಕನ್ನು ತಡೆಯುವ, ತಿರುಗಿಸುವ, ಮೆದುಗೊಳಿಸುವ ಸಾಮಾನಿಗೆ ಹೋಗಬೇಕು ಎಂಬುದು ಈ ಲೇಖನದ ವಾದ. ಅಂಥ ಸಾಮಾನು ಅಗ್ಗವೂ ಹೌದು: ಕರಿಬಟ್ಟೆ, ಬಿಳಿ ಬಟ್ಟೆ, ಥರ್ಮೋಕೋಲ್ ಹಾಳೆ, ಬಟರ್ ಪೇಪರ್, ಒಂದಿಷ್ಟು ಕ್ಲಿಪ್ಪು.

ಇದು ಹೊಸ ವಾದವೇನಲ್ಲ. ಸತ್ಯಜಿತ್ ರಾಯ್ ಅವರ ‘ಅಪರಾಜಿತೋ’ (1956) ಚಿತ್ರಕ್ಕಾಗಿ ಕಾಶಿಯ ಒಂದು ಮನೆಯ ಒಳ ಅಂಗಳವನ್ನು ಕಲ್ಕತ್ತೆಯ ಸ್ಟುಡಿಯೋದಲ್ಲಿ ಕಟ್ಟಬೇಕಾಯಿತು. ಛಾಯಾಗ್ರಾಹಕ ಸುಬ್ರತ ಮಿತ್ರ ಒಪ್ಪಲಿಲ್ಲ. ಅಂಥ ಅಂಗಳಕ್ಕೆ ಮೇಲಿನ ಆಕಾಶದಿಂದ ಮಾತ್ರ ಬೆಳಕು ಇಳಿಯುತ್ತದೆ, ಆ ಬೆಳಕಿಗೆ ನೆರಳಿಲ್ಲ, ಸ್ಟುಡಿಯೋ ದೀಪಗಳಿಂದ ಅದು ಬರುವುದಿಲ್ಲ ಎಂಬುದು ಅವರ ತಕರಾರು. ಕಲಾನಿರ್ದೇಶಕ ಬನ್ಸಿ ಚಂದ್ರಗುಪ್ತ ಸೆಟ್ ಕಟ್ಟಿಯೇ ಬಿಟ್ಟರು. ಆಗ ಮಿತ್ರ ಅಂಗಳದ ಮೇಲೆ ಆಕಾಶದ ಜಾಗದಲ್ಲಿ ಬಿಳಿ ಬಟ್ಟೆ ಎಳೆದು ಕಟ್ಟಿಸಿ, ದೀಪಗಳ ಮುಖವನ್ನು ನಟರ ಕಡೆಯಿಂದ ತಿರುಗಿಸಿ ಬಟ್ಟೆಗೆ ಹಿಡಿದರು. ಬಟ್ಟೆಗೆ ತಾಗಿ ಕೆಳಗಿಳಿದ ಬೆಳಕು ನಿಜವಾದ ಅಂಗಳದ ಬೆಳಕಿನಂತೆಯೇ ಇತ್ತು. ಇದೇ ಈಗ ಎಲ್ಲರೂ ಬೌನ್ಸ್ ಎನ್ನುವ ವಿಧಾನ. ಇದರಲ್ಲಿ ದೊಡ್ಡ ಕೊರತೆಯೊಂದಿದೆ, ಬಟ್ಟೆಗೆ ಬಡಿದ ಬೆಳಕಿನಲ್ಲಿ ಬಹುಪಾಲು ಅಲ್ಲೇ ಸೋರಿಹೋಗುತ್ತದೆ. ಆ ಕಾಲದ ಮಂದ ಫಿಲ್ಮಿಗೆ ಇದು ದುಬಾರಿಯಾಗಿತ್ತು, ಸಾಲುಸಾಲು ದೀಪ ಬೇಕಿತ್ತು. ಈಗ ಐಎಸ್‌ಒ 800ರಲ್ಲಿ ತಕರಾರಿಲ್ಲದೆ ಕೆಲಸ ಮಾಡುವ ಸೆನ್ಸರ್ ಮುಂದೆ, ಬಿಳಿ ಮಾಡಿಗೆ ಹಿಡಿದ ಎರಡು ಸಣ್ಣ ಎಲ್‌ಇಡಿ ದೀಪ ಒಂದು ಕೋಣೆಗೆ ಸಾಕಾಗುತ್ತದೆ. ಹೊಸ ಕ್ಯಾಮೆರಾಗಳು ಕತ್ತಲಲ್ಲೂ ಕಾಣುತ್ತವೆ, ಇನ್ನು ಲೈಟ್ ಯಾಕೆ ಎನ್ನುವವರಿಗೆ ಕೊಡಬೇಕಾದ ಉತ್ತರವೂ ಇದೇ. ಕತ್ತಲಲ್ಲಿ ಕಾಣುವುದು ಬೇರೆ, ಯಾವುದು ಕಾಣಬೇಕೆಂದು ಆರಿಸುವುದು ಬೇರೆ. ಸೆನ್ಸರ್ ಚುರುಕಾದದ್ದರ ನಿಜವಾದ ಲಾಭವೆಂದರೆ, ಮಿತ್ರರ ದುಬಾರಿ ವಿಧಾನ ಈಗ ಕಾಲೇಜು ಹುಡುಗರ ಕೈಗೂ ಎಟುಕುತ್ತಿದೆ.

ಎರಡನೆಯ ಸಾಕ್ಷಿ ನಮ್ಮವರೇ ಆದ ವಿ.ಕೆ. ಮೂರ್ತಿ. ಮೈಸೂರಿನಲ್ಲಿ ಹುಟ್ಟಿ, ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಛಾಯಾಗ್ರಹಣ ಕಲಿತು ಮುಂಬೈಗೆ ಹೋದವರು. ಗುರುದತ್ತರ ‘ಕಾಗಜ್ ಕೆ ಫೂಲ್’ (1959) ಚಿತ್ರದಲ್ಲಿ ಖಾಲಿ ಸ್ಟುಡಿಯೋದೊಳಗೆ ಮೇಲಿನಿಂದ ಇಳಿಯುವ ಬಿಸಿಲುಕೋಲನ್ನು ಅವರು ಮಾಡಿದ್ದು ಎರಡು ದೊಡ್ಡ ಕನ್ನಡಿಗಳಿಂದ. ಹೊರಗಿನ ಬಿಸಿಲನ್ನು ಒಂದು ಕನ್ನಡಿಯಲ್ಲಿ ಹಿಡಿದು ಇನ್ನೊಂದಕ್ಕೆ ಎಸೆದು ಒಳಗಿಳಿಸಿದರು. ಅದು ಬಡ ಸಿನಿಮಾ ಆಗಿರಲಿಲ್ಲ, ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರ, ಅದನ್ನು ಹೇಗೆ ಉದಾಹರಣೆ ಕೊಡುತ್ತೀರಿ ಎಂದು ಕೇಳುವವರಿದ್ದಾರೆ. ನನ್ನ ಲೆಕ್ಕದಲ್ಲಿ ಉದಾಹರಣೆಗೆ ಬಲ ಬರುವುದೇ ಅದರಿಂದ. ಬೇಕಾದ ದೀಪವನ್ನೆಲ್ಲ ತರಿಸಬಹುದಾಗಿದ್ದ ಸ್ಟುಡಿಯೋದಲ್ಲಿ ಕೂಡ ಆ ದೃಶ್ಯಕ್ಕೆ ಒದಗಿದ್ದು ಕನ್ನಡಿ. ದೂರದ ಸೂರ್ಯನ ಕಿರಣಗಳು ಹೆಚ್ಚುಕಡಿಮೆ ಸಮಾನಾಂತರವಾಗಿ ಬರುತ್ತವೆ, ಹತ್ತಿರದ ದೀಪದವು ಬೀಸಣಿಗೆಯಂತೆ ಹರಡುತ್ತವೆ. ಈ ವ್ಯತ್ಯಾಸವನ್ನು ದುಡ್ಡು ಕೊಟ್ಟು ಮುಚ್ಚುವುದು ಕಷ್ಟ.

ಇನ್ನು ಕೋಣೆಯೊಳಗಿನ ಲೆಕ್ಕ. ದೀಪದಿಂದ ದೂರ ಇಮ್ಮಡಿಯಾದರೆ ಬೆಳಕು ಕಾಲುಭಾಗಕ್ಕೆ ಇಳಿಯುತ್ತದೆ. ಶಾಲೆಯಲ್ಲಿ ಓದಿ ಮರೆತ ಈ ನಿಯಮಕ್ಕಿಂತ ಅಗ್ಗದ ಉಪಕರಣ ಸಿನಿಮಾದಲ್ಲಿ ಇನ್ನೊಂದಿಲ್ಲ. ನಟಿಯ ಮುಖದಿಂದ ಒಂದು ಮೀಟರ್ ದೂರದಲ್ಲಿ ದೀಪವಿಟ್ಟು, ಅವಳನ್ನು ಗೋಡೆಯಿಂದ ಮೂರು ಮೀಟರ್ ಮುಂದಕ್ಕೆ ಕೂರಿಸಿದರೆ ಗೋಡೆಗೆ ಬೀಳುವ ಬೆಳಕು ಮುಖಕ್ಕೆ ಬೀಳುವುದರ ಹದಿನಾರನೇ ಒಂದು ಪಾಲು. ಹಿನ್ನೆಲೆ ತಾನಾಗಿ ಕಪ್ಪಾಗುತ್ತದೆ, ಗೋಡೆಯ ಬಣ್ಣ ಕಿತ್ತುಹೋಗಿದ್ದರೂ ಕಾಣುವುದಿಲ್ಲ. ಅದೇ ದೀಪವನ್ನು ದೂರದ ಮೂಲೆಗೆ ಒಯ್ದರೆ ಮುಖಕ್ಕೂ ಗೋಡೆಗೂ ಅಂತರವೇ ಉಳಿಯದು. ನಮ್ಮ ಮನೆಗಳ ಕೋಣೆಗಳು ಚಿಕ್ಕವು, ಗೋಡೆಗಳು ಬಿಳಿ ಅಥವಾ ತಿಳಿಹಸಿರು, ಹೀಗಾಗಿ ಒಂದು ಬದಿಯಿಂದ ಕೊಟ್ಟ ಬೆಳಕು ಇನ್ನೊಂದು ಗೋಡೆಗೆ ಬಡಿದು ವಾಪಸ್ ಬಂದು ನೆರಳನ್ನೆಲ್ಲ ತುಂಬಿಬಿಡುತ್ತದೆ, ಕೆನ್ನೆಗೆ ಹಸಿರು ಛಾಯೆಯನ್ನೂ ಹಚ್ಚುತ್ತದೆ. ನಟರ ಕತ್ತಲ ಬದಿಗೆ, ಫ್ರೇಮಿನ ಅಂಚಿಗೆ ತಾಗುವಂತೆ ಕರಿಬಟ್ಟೆ ಇಳಿಬಿಟ್ಟರೆ ಈ ವಾಪಸಾತಿ ನಿಲ್ಲುತ್ತದೆ, ಮುಖಕ್ಕೆ ಆಳ ಬರುತ್ತದೆ. ಕಿಟಕಿ ಇದ್ದಲ್ಲಿ ದೀಪವನ್ನು ಕಿಟಕಿಯ ಹೊರಗಿಟ್ಟು ಕೋರಾ ಬಟ್ಟೆ ಕಟ್ಟುವುದು ಒಳಗಿಡುವುದಕ್ಕಿಂತ ಯಾವಾಗಲೂ ಮೇಲು. ಬೆಳಕಿನ ಮೂಲ ದೊಡ್ಡದಾದಷ್ಟೂ ನೆರಳಿನ ಅಂಚು ಮೆದು. ಬಲ್ಬುಗಳ ವಿಷಯದಲ್ಲಿ ಮಾತ್ರ ಜಿಪುಣತನ ಬೇಡ. ಹಳದಿ ಬಲ್ಬು, ಅಡುಗೆಮನೆಯ ನೀಲಿ ಛಾಯೆಯ ಟ್ಯೂಬು, ಕಿಟಕಿಯ ಹಗಲು ಮೂರೂ ಒಂದೇ ಮುಖದ ಮೇಲೆ ಬಿದ್ದರೆ ಯಾವ ಎಡಿಟಿಂಗ್ ಕೋಣೆಯೂ ಅದನ್ನು ನೇರ್ಪುಗೊಳಿಸದು. ಅಗ್ಗದ ಎಲ್‌ಇಡಿಗಳಲ್ಲಿ ಕೆಂಪಿನ ಅಂಶ ಕಡಿಮೆ, ನಮ್ಮ ಕಂದುಬಣ್ಣದ ಚರ್ಮ ಅದರಡಿ ಬೂದಿಯಾಗುತ್ತದೆ. ಪೊಟ್ಟಣದ ಮೇಲೆ ಬಣ್ಣದ ನಿಖರತೆ ಸೂಚಿಸುವ ಸಿಆರ್‌ಐ 90ಕ್ಕಿಂತ ಮೇಲಿದೆಯೇ ನೋಡಿ, ಎಲ್ಲ ಬಲ್ಬುಗಳನ್ನೂ ಒಂದೇ ಕೆಲ್ವಿನ್ (ಬಣ್ಣದ ತಾಪಮಾನ) ಸಂಖ್ಯೆಯಲ್ಲಿ ಕೊಳ್ಳಿ.

ಹೊರಾಂಗಣದಲ್ಲಿ ಪಶ್ಚಿಮದ ಪಠ್ಯಪುಸ್ತಕಗಳು ನಮ್ಮನ್ನು ಸ್ವಲ್ಪ ದಾರಿ ತಪ್ಪಿಸಿವೆ. ಸೂರ್ಯ ಮುಳುಗಿದ ಮೇಲಿನ ಹೊಂಬೆಳಕನ್ನು ಜಗತ್ತಿಗೆ ಹುಚ್ಚು ಹಿಡಿಸಿದ್ದು ನೆಸ್ಟರ್ ಆಲ್ಮೆಂಡ್ರೋಸ್ ಚಿತ್ರೀಕರಿಸಿದ ‘ಡೇಸ್ ಆಫ್ ಹೆವನ್’ (1978). ಅದು ಬಡವರ ವಿಧಾನ ಎಂದು ಯಾಕೆ ಪ್ರಚಾರವಾಯಿತೋ ಗೊತ್ತಿಲ್ಲ. ಕೆನಡಾದ ಆಲ್ಬರ್ಟಾದಲ್ಲೂ ಆ ಬೆಳಕು ದಿನಕ್ಕೆ ಅರ್ಧ ಗಂಟೆ ಸಿಗುತ್ತಿರಲಿಲ್ಲ, ಇಡೀ ಘಟಕ ಅದಕ್ಕಾಗಿ ಕಾಯಬೇಕಿತ್ತು. ನಮ್ಮ ಅಕ್ಷಾಂಶದಲ್ಲಿ ಸೂರ್ಯ ಕಡಿದಾಗಿ ಇಳಿಯುತ್ತಾನೆ, ಸಂಜೆ ಇನ್ನೂ ಬೇಗ ಮುಗಿಯುತ್ತದೆ. ನಟರಿಗೂ ಕ್ಯಾಮೆರಾಕ್ಕೂ ದಿನಬಾಡಿಗೆ ಕೊಡುವವರು ಇಪ್ಪತ್ತು ನಿಮಿಷವನ್ನು ನಂಬಿ ಕಥೆ ಹೆಣೆಯಬಾರದು. ಉತ್ತರದ ಕಿಟಕಿಗೆ ನೇರ ಬಿಸಿಲು ಬೀಳದು ಎಂಬ ಇನ್ನೊಂದು ಸೂತ್ರವಿದೆ, ಲಂಡನ್ನಿಗೆ ಅದು ಹೆಚ್ಚುಕಡಿಮೆ ಸರಿ. ಬೆಂಗಳೂರಿನಲ್ಲಿ ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ನಡುಹಗಲಿನ ಸೂರ್ಯ ನೆತ್ತಿಯಿಂದ ಉತ್ತರಕ್ಕಿರುತ್ತಾನೆ, ಉತ್ತರದ ಜಗಲಿಗೂ ಬಿಸಿಲು ನುಗ್ಗುತ್ತದೆ. ನಮಗೆ ಒದಗುವುದು ಜಗಲಿ, ಚಪ್ಪರ ಮತ್ತು ತೊಟ್ಟಿಮನೆ. ತೊಟ್ಟಿಯ ಬೆಳಕು ಮಿತ್ರ ಬಟ್ಟೆ ಕಟ್ಟಿ ಮಾಡಿದ ಬೆಳಕೇ, ಕಟ್ಟುವ ಕೆಲಸ ಬೇಡ ಅಷ್ಟೆ. ಟಾಮ್ ಕೋವನ್ ಚಿತ್ರೀಕರಿಸಿದ ‘ಸಂಸ್ಕಾರ’ (1970), ಎಸ್. ರಾಮಚಂದ್ರ ಚಿತ್ರೀಕರಿಸಿದ ‘ಘಟಶ್ರಾದ್ಧ’ (1977) ಎರಡೂ ಮಲೆನಾಡಿನ ಅಗ್ರಹಾರದ ಕಥೆಗಳು, ಎರಡೂ ಕಪ್ಪುಬಿಳುಪು, ಎರಡಕ್ಕೂ ಅತ್ಯುತ್ತಮ ಚಿತ್ರದ ರಾಷ್ಟ್ರಪ್ರಶಸ್ತಿ ಬಂತು. ಅಲ್ಲಿ ಜಗಲಿಯ ನೆರಳು, ಒಳಕೋಣೆಯ ಮಬ್ಬು ಕಥೆಯೊಳಗೇ ಸೇರಿಹೋಗಿವೆ.

ಕ್ಯಾಮೆರಾದ ಬಗ್ಗೆ ಹೇಳಬೇಕಾದದ್ದು ಕಡಿಮೆ. ನಮ್ಮ ವಿದ್ಯುತ್ 50 ಹರ್ಟ್ಸ್, ದೀಪಗಳು ಸೆಕೆಂಡಿಗೆ ನೂರು ಸಲ ಮಿನುಗುತ್ತವೆ. ಶಟರನ್ನು 1/50ಕ್ಕೆ ಇಟ್ಟರೆ ಪಟ್ಟೆ ಬರುವುದಿಲ್ಲ, ಅಮೆರಿಕದ ಯೂಟ್ಯೂಬ್ ಪಾಠ ಕೇಳಿ 1/60 ಇಟ್ಟವರ ದೃಶ್ಯ ಮಿಡಿಯುತ್ತದೆ. ಫೋನಿನಲ್ಲಾದರೆ ಎಕ್ಸ್‌ಪೋಶರ್, ವೈಟ್ ಬ್ಯಾಲೆನ್ಸ್ ಎರಡನ್ನೂ ಲಾಕ್ ಮಾಡಲೇಬೇಕು. ಕಡುಬಿಸಿಲಿನಲ್ಲಿ ಐಎಸ್‌ಒ 100, ಶಟರ್ 1/50 ಎಂದರೆ ಲೆನ್ಸನ್ನು ಎಫ್ 22ಕ್ಕೆ ಮುಚ್ಚಬೇಕಾಗುತ್ತದೆ. ಎಫ್ 2.8ರಲ್ಲಿ ತೆರೆದು ಹಿನ್ನೆಲೆ ಮಸುಕಾಗಿಸಬೇಕಾದರೆ ಬೆಳಕನ್ನು 64ನೇ ಒಂದು ಪಾಲಿಗೆ ಇಳಿಸುವ ಎನ್‌ಡಿ ಫಿಲ್ಟರ್ ಬೇಕು. ನೋಡಿ, ಇಲ್ಲೂ ಖರ್ಚು ಬೆಳಕು ತಡೆಯುವುದಕ್ಕೇ.

ಫೋನು, ಸಣ್ಣ ಕ್ಯಾಮೆರಾ ದೊಡ್ಡ ಪರದೆಗೆ ನಿಲ್ಲುವುದಿಲ್ಲ ಎಂಬ ಆಕ್ಷೇಪಕ್ಕೆ ಶಾನ್ ಬೇಕರ್ ಅವರ ‘ಟ್ಯಾಂಜರೀನ್’ (2015) ಉತ್ತರ ಕೊಟ್ಟಾಗಿದೆ. ಐಫೋನ್ 5ಎಸ್‌ನಲ್ಲಿ, ಸುಮಾರು ಒಂದು ಲಕ್ಷ ಡಾಲರಿನಲ್ಲಿ ಲಾಸ್ ಏಂಜಲೀಸ್ ಬೀದಿಗಳಲ್ಲಿ ತೆಗೆದ ಚಿತ್ರ. ಫೋನಿಗೆ ಅನಾಮಾರ್ಫಿಕ್ ಲೆನ್ಸ್ ಸಿಕ್ಕಿಸಿದ್ದರು, ಬಿಸಿಲಿನ ಕಟುತನವನ್ನು ಮುಚ್ಚಿಡದೆ ಬಣ್ಣವನ್ನು ಇನ್ನಷ್ಟು ಏರಿಸಿದರು. ಚಿತ್ರ ಸನ್‌ಡಾನ್ಸ್ ಉತ್ಸವದಲ್ಲಿ ತೆರೆಕಂಡು ಚಿತ್ರಮಂದಿರಗಳಿಗೂ ಬಂತು. ಹೆಚ್ಚು ತೂಕದ ಆಕ್ಷೇಪ ಬೇರೊಂದಿದೆ: ಸಹಜ ಬೆಳಕು ಓಡುತ್ತದೆ, ಬೆಳಿಗ್ಗೆ ತೆಗೆದ ಶಾಟಿಗೆ ಮಧ್ಯಾಹ್ನದ್ದು ಹೊಂದುವುದಿಲ್ಲ. ಇದನ್ನು ಒಪ್ಪಲೇಬೇಕು. ಬಟ್ಟೆ, ಥರ್ಮೋಕೋಲ್ ಮೋಡವನ್ನು ನಿಲ್ಲಿಸಲಾರವು. ಹಗಲಿನ ದೀರ್ಘ ಸಂಭಾಷಣೆಯ ದೃಶ್ಯವಿದ್ದರೆ ವೈಡ್ ಶಾಟುಗಳನ್ನು ಬೆಳಕು ಸರಿಯಿದ್ದಾಗ ಮೊದಲು ತೆಗೆದು, ಕ್ಲೋಸಪ್ಪುಗಳನ್ನು ಕೊನೆಗಿಡಬೇಕು. ಕ್ಲೋಸಪ್ಪಿನ ಬೆಳಕನ್ನು ಒಂದು ದೀಪ, ಒಂದು ಬಟ್ಟೆಯಿಂದ ಯಾವ ಹೊತ್ತಿನಲ್ಲೂ ಮತ್ತೆ ಕಟ್ಟಬಹುದು. ಈ ಅಂದಾಜು ಗೊತ್ತಿರುವುದು ವರ್ಷಗಟ್ಟಲೆ ಸೆಟ್ಟಿನಲ್ಲಿ ನಿಂತ ಲೈಟ್‌ಮನ್‌ಗಳಿಗೆ. ಲಾರಿ ತುಂಬ ದೀಪ ತರಿಸುವ ಬದಲು ಅಂಥ ಒಬ್ಬರಿಗೆ ಪೂರ್ತಿ ಸಂಬಳ ಕೊಟ್ಟು ಕರೆತರುವುದು ಲಾಭ.

ಆದ್ದರಿಂದ ಕಿರುಚಿತ್ರವನ್ನೋ ಮೊದಲ ಸಿನಿಮಾವನ್ನೋ ತೆಗೆಯಹೊರಟವರು ಕ್ಯಾಮೆರಾ ಬುಕ್ ಮಾಡುವ ಮುನ್ನ ಚಿತ್ರೀಕರಣದ ಮನೆಗೆ ಹೋಗಿ, ಬೆಳಿಗ್ಗೆ ಏಳರಿಂದ ಸಂಜೆ ಆರರವರೆಗೆ ಗಂಟೆಗೊಂದರಂತೆ ಪ್ರತಿ ಕೋಣೆಯ ಫೋಟೋ ತೆಗೆದುಕೊಳ್ಳಿ. ಶೂಟಿಂಗ್ ವೇಳಾಪಟ್ಟಿಯನ್ನು ಆ ಫೋಟೋಗಳನ್ನು ಮುಂದಿಟ್ಟುಕೊಂಡು ಬರೆಯಿರಿ.