‘ಯಣ್ಣಾ, ಇನ್ನೆಲ್ಡು ಮಿರ್ಚಿ!’

ಕೊಟ್ಟೂರಿನ ಯಾವುದಾದರೂ ಹೋಟೆಲಿನಲ್ಲಿ ಕುಳಿತು ‘ಕೊಟ್ರಪ್ಪಾ’ ಎಂದು ಒಮ್ಮೆ ಕೂಗಿ ನೋಡಿ. ತಿರುಗಿ ನೋಡುವವರು ಒಬ್ಬರಲ್ಲ, ಮೂರ್ನಾಲ್ಕು ಜನ. ಗುರು ಕೊಟ್ಟೂರೇಶ್ವರನ ಹೆಸರು ಹೊತ್ತ ಕೊಟ್ರಪ್ಪ, ಕೊಟ್ರೇಶ, ಕೊಟ್ರಬಸಪ್ಪ, ಕೊಟ್ರಮ್ಮಂದಿರು ಇಲ್ಲಿ ಓಣಿಗೆ ಎಷ್ಟೋ ಮಂದಿ. ಹಡಗಲಿ ಕಡೆಗೆ ಹೋದರೆ ಮೈಲಾರಪ್ಪ, ಹರಪನಹಳ್ಳಿ ಕಡೆಗೆ ಉಚ್ಚೆಂಗೆಪ್ಪ, ಉಜ್ಜಿನಿ ಸುತ್ತಮುತ್ತ ಮರುಳಸಿದ್ಧಪ್ಪ. ಸಪ್ಲಾಯರ್ ಹೆಸರು ಗೊತ್ತಿಲ್ಲದ ಗಿರಾಕಿ ಆಯಾ ಸೀಮೆಯ ದೇವರ ಹೆಸರು ಹಿಡಿದು ಕೂಗಿದರೆ ಎಷ್ಟೋ ಸಲ ಗುರಿ ತಪ್ಪುವುದಿಲ್ಲ. ತಪ್ಪಿದರೂ ಯಾರೂ ಬೇಸರಪಟ್ಟುಕೊಳ್ಳುವುದಿಲ್ಲ.

ನಾನು ಕೊಟ್ಟೂರಿಗೆ ಹೋದದ್ದು ಹಾಗೆ ಕರೆಸಿಕೊಳ್ಳುವ ಒಬ್ಬರನ್ನು ನೋಡಲು. ಬಸ್ ನಿಲ್ದಾಣದಿಂದ ಕೂಗಳತೆಯಲ್ಲಿರುವ ಮಂಡಕ್ಕಿ-ಮಿರ್ಚಿ ಹೋಟೆಲಿನ ಸಪ್ಲಾಯರ್ ಅವರು, ಅರವತ್ತು ದಾಟಿದವರು. ಅವರ ಹೆಸರು ಕೊಟ್ರಪ್ಪ ಅಲ್ಲ, ಆದರೆ ಜನ ಕರೆದೂ ಕರೆದೂ ಅದೇ ನಿಂತುಬಿಟ್ಟಿದೆ. ನಿಜವಾದ ಹೆಸರು ಪೇಪರಿನಲ್ಲಿ ಬರುವುದು ಬೇಡ ಎಂದರು. ಹೆಗಲ ಮೇಲೊಂದು ಒದ್ದೆ ಬಟ್ಟೆ, ಮಡಚಿ ಕಟ್ಟಿದ ಲುಂಗಿ, ಮೊಣಕಾಲಿನ ಕೆಳಗೆ ಹಗ್ಗದಂತೆ ಉಬ್ಬಿದ ನರಗಳು. ಹುಡುಗನಾಗಿದ್ದಾಗ ತಟ್ಟೆ ಎತ್ತುವ ಕ್ಲೀನರ್ ಆಗಿ ಸೇರಿ, ಮೀಸೆ ಮೂಡುವ ಹೊತ್ತಿಗೆ ಸಪ್ಲಾಯರ್ ಆದವರು.

ಅವರಲ್ಲಿ ಮೊದಲು ಕಣ್ಣಿಗೆ ಬೀಳುವುದೆಂದರೆ, ಅವರು ಟೇಬಲ್ಲುಗಳ ಕಡೆ ನೇರವಾಗಿ ನೋಡುವುದೇ ಇಲ್ಲ. ನೋಡಿದರೆ ಎಲ್ಲರೂ ಒಟ್ಟಿಗೇ ಕೈ ಎತ್ತುತ್ತಾರಂತೆ. ಆದ್ದರಿಂದ ಅವರ ಕೆಲಸ ಹೆಚ್ಚಾಗಿ ಕಿವಿಯದು. ಕುರ್ಚಿ ಎಳೆದ ಸದ್ದಿನಲ್ಲೇ ಹೊಸಬರು ಕುಳಿತರೋ ಹಳಬರು ಎದ್ದರೋ ಗೊತ್ತಾಗುತ್ತದೆ. ಅಡುಗೆಮನೆಯ ಬಾಗಿಲಿಗೆ ಹೋಗಿ ‘ಒಗ್ಗರಣೆ ಮೂರು, ಮಿರ್ಚಿ ಆರು, ಒಂದು ಚಾ ಬೈ ಟೂ’ ಎಂದು ಕೂಗುವಾಗಲೂ ಬೆನ್ನ ಹಿಂದಿನ ‘ಯಣ್ಣಾ’ ಯಾವ ಮೂಲೆಯಿಂದ ಬಂತೆಂಬುದು ಅವರಿಗೆ ಗೊತ್ತು. ತಿರುಗದೆಯೇ ‘ಬಂದೆ, ಬಂದೆ’ ಎನ್ನುತ್ತಾರೆ. ಆ ‘ಬಂದೆ’ ಸಿಕ್ಕಮೇಲೆ ಗಿರಾಕಿ ಐದು ನಿಮಿಷವಾದರೂ ಸುಮ್ಮನಿರುತ್ತಾನೆ ಎಂಬುದು ಅವರ ಅನುಭವ. ಕರೆದವನಿಗೆ ಬೇಕಾಗಿರುವುದು ಮೊದಲು ಓಗೊಡುವ ದನಿ, ಮಿರ್ಚಿ ಆಮೇಲೆ.

ಕರೆಯುವವರಲ್ಲಿ ಎಷ್ಟು ಬಗೆ! ಬಾಯಿಂದ ಕರೆಯುವವರು ‘ಯಣ್ಣಾ’, ‘ತಮ್ಮಾ’, ‘ಕಾಕಾ’, ‘ಮಾವಾ’, ‘ದೋಸ್ತಾ’, ‘ಗುರುವೇ’, ‘ಶಿವಾ’ ಎನ್ನುತ್ತಾರೆ. ಬೆಂಗಳೂರಿಗೆ ಹೋಗಿ ಬಂದ ಹುಡುಗರು ‘ಬಾಸ್’ ಎನ್ನುತ್ತಾರೆ. ಕೈಯಿಂದ ಕರೆಯುವವರದು ಬೇರೆಯದೇ ಭಾಷೆ. ಖಾಲಿ ಲೋಟವನ್ನು ಒಂದಿಷ್ಟು ಎತ್ತಿ ಅಲ್ಲಾಡಿಸಿದರೆ ನೀರು. ತಟ್ಟೆಯ ಮೇಲೆ ಬೆರಳು ಸುತ್ತಿಸಿದರೆ ಅದೇ ಇನ್ನೊಂದು ಸಲ. ಒಂದು ಬೆರಳಿನ ಮೇಲೆ ಇನ್ನೊಂದು ಬೆರಳಿನಿಂದ ಕೊಯ್ದಂತೆ ಮಾಡಿದರೆ ಬೈ ಟೂ. ಅಂಗೈ ಮೇಲೆ ಗೀಚಿದರೆ ಲೆಕ್ಕ. ಇವೆಲ್ಲ ಮರ್ಯಾದೆಯ ಕರೆಗಳು. ಕೆಲವರು ಶಿಳ್ಳೆ ಹಾಕುತ್ತಾರೆ, ಬೈಕಿನ ಕೀಲಿಯಿಂದ ಟೇಬಲ್ ಕುಟ್ಟುತ್ತಾರೆ, ‘ಶ್, ಶ್’ ಎನ್ನುತ್ತಾರೆ. ಚಿಟಿಕೆ ಹೊಡೆಯುವವರೂ ಉಂಟು. ಅಂಥವರ ಹತ್ತಿರ ಹೋಗುವುದಿಲ್ಲವೇ ಎಂದು ಕೇಳಿದೆ. ಹೋಗುತ್ತೇನೆ, ಉಳಿದವರೆಲ್ಲ ಆದಮೇಲೆ ಹೋಗುತ್ತೇನೆ ಎಂದರು. ದನ ಕಾಯುವವನೂ ದನವನ್ನು ಹೆಸರು ಹಿಡಿದು ಕರೆಯುತ್ತಾನೆ ಎಂಬ ಮಾತನ್ನು ಅವರು ಸಿಟ್ಟಿಲ್ಲದೆ ಹೇಳಿದ್ದು ನನಗೆ ಹೆಚ್ಚು ನೋವು ಕೊಟ್ಟಿತು.

ಯಾರಿಗೆ ಮೊದಲು ಕೊಡಬೇಕೆಂಬುದಕ್ಕೂ ಅವರಲ್ಲಿ ಒಂದು ನ್ಯಾಯವಿದೆ. ಗಟ್ಟಿಯಾಗಿ ಕೂಗಿದವರಿಗಲ್ಲ. ಹೊಸ ಮುಖ ಕಂಡರೆ ‘ಯಾವ ಬಸ್ರಿ?’ ಎಂದು ಕೇಳುತ್ತಾರೆ. ನಿಲ್ದಾಣದಲ್ಲಿ ಗಾಡಿ ನಿಂತಿದ್ದರೆ, ಕಂಡಕ್ಟರ್ ಸೀಟಿ ಹೊಡೆಯುವುದರೊಳಗೆ ಅವರ ಕೈಗೆ ಪೊಟ್ಟಣವಾದರೂ ಸೇರಬೇಕು. ಮಗು ಎತ್ತಿಕೊಂಡು ಬಂದ ತಾಯಿ ಕರೆಯುವುದೇ ಬೇಕಿಲ್ಲ. ಪೇಟೆಗೆ ಬಂದ ಹಳ್ಳಿಯ ಮುದುಕರು ಕರೆಯಲು ಸಂಕೋಚಪಟ್ಟು ಕೂತೇ ಇರುತ್ತಾರಾದ್ದರಿಂದ ಅವರನ್ನು ‘ಯಜಮಾನ್ರೇ, ಏನ್ ಕೊಡ್ಲಿ?’ ಎಂದು ತಾವೇ ಕೇಳುತ್ತಾರೆ. ದಿನಾ ಬರುವವರು ಅವಸರ ಮಾಡಿದರೂ ಕಾಯಬೇಕು. ಕಾಯುತ್ತಾರೆ ಕೂಡ.

ಇನ್ನು ಲೆಕ್ಕ. ಚೀಟಿಯಿಲ್ಲ, ಪೆನ್ನಿಲ್ಲ. ಗಿರಾಕಿ ಎದ್ದು ಗಲ್ಲಾ ಕಡೆ ನಡೆಯುತ್ತಿದ್ದಂತೆ ಒಳಗಿನಿಂದ ದನಿ ಬರುತ್ತದೆ: ‘ಕೆಂಪಂಗಿ ಎಪ್ಪತ್ತು, ಹಿಂದಿರೋ ಟೋಪಿ ಹದಿನೈದು!’ ಗಲ್ಲಾದಲ್ಲಿ ಕುಳಿತವರು ತಲೆಯೆತ್ತದೆ ಚಿಲ್ಲರೆ ಎಣಿಸುತ್ತಾರೆ. ಅಂಗಿಯ ಬಣ್ಣ, ಟೋಪಿ, ಟವೆಲು, ಚೀಲ, ಇವೇ ಅವರ ಬಿಲ್ ಪುಸ್ತಕ. ಒಂದೇ ಬಣ್ಣದ ಅಂಗಿ ತೊಟ್ಟ ಶಾಲೆಯ ಹುಡುಗರು ಗುಂಪಾಗಿ ಬಂದಾಗ ಮಾತ್ರ ತಲೆ ಕೆಡುತ್ತದಂತೆ.

ಮಿರ್ಚಿಯ ಬಗ್ಗೆಯೂ ಇಲ್ಲಿ ಒಂದು ಮಾತು ಹೇಳಲೇಬೇಕು, ಏಕೆಂದರೆ ಕರೆಯ ಏರಿಳಿತವೆಲ್ಲ ಬಾಣಲೆಯ ಕೈಯಲ್ಲಿದೆ. ಉದ್ದ ಮೆಣಸಿನಕಾಯಿಯನ್ನು ಸೀಳಿ, ಜೀರಿಗೆ, ಉಪ್ಪು, ಹುಣಸೆ ಸವರಿ, ಓಂಕಾಳು ಹಾಕಿದ ಕಡಲೆಹಿಟ್ಟಿನಲ್ಲಿ ಅದ್ದಿ ಎಣ್ಣೆಗೆ ಬಿಡುತ್ತಾರೆ. ಒಂದು ಒಬ್ಬೆ ಮೇಲೆದ್ದು ಜಾಲರಿ ಸೌಟಿಗೆ ಬಂದ ಸದ್ದು ಕೇಳಿದರೆ ಸಾಕು, ಹೋಟೆಲು ತುಂಬ ‘ಯಣ್ಣಾ, ಇನ್ನೆಲ್ಡು!’ ಮುಂದಿನ ಒಬ್ಬೆಯವರೆಗೆ ಮತ್ತೆ ಮೌನ. ಮಂಡಕ್ಕಿಯದು ಹಾಗಲ್ಲ. ನೆನೆಸಿ, ಹಿಂಡಿ, ಈರುಳ್ಳಿ-ಅರಿಶಿನದ ಒಗ್ಗರಣೆಗೆ ಬಿದ್ದು, ಮೇಲೆ ಪುಟಾಣಿ ಹಿಟ್ಟು ಉದುರಿಸಿಕೊಂಡು ಅದು ತಾಳ್ಮೆಯಿಂದ ಕಾದಿರುತ್ತದೆ. ಹತ್ತಿರದ ದಾವಣಗೆರೆಯಲ್ಲಿ ಮಂಡಕ್ಕಿ ಭಟ್ಟಿಗಳ ಬಡಾವಣೆಯೇ ಇರುವುದರಿಂದ ಈ ಸೀಮೆಗೆ ಮಂಡಕ್ಕಿಯ ಬರ ಬಂದದ್ದಿಲ್ಲ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ: 2021ರಲ್ಲಿ ಹುಟ್ಟಿದ ವಿಜಯನಗರ ಜಿಲ್ಲೆಯಲ್ಲಿ ಹೊಸಪೇಟೆಯೊಂದನ್ನು ಬಿಟ್ಟರೆ ಉಳಿಯುವ ತಾಲ್ಲೂಕುಗಳು ಈ ಐದೇ. 1953ರವರೆಗೆ ಬಳ್ಳಾರಿಯ ಜೊತೆ ಮದರಾಸಿಗೆ ಸೇರಿದ್ದ ನೆಲ. ಹೊಸಪೇಟೆಯಿಂದ ಕೊಟ್ಟೂರಿಗೆ ರೈಲು ಬಂದದ್ದು 1905ರಲ್ಲಿ. ರೈಲು, ಸಂತೆ, ಕೋರ್ಟು-ಕಚೇರಿಗಳು ಬಂದಲ್ಲೆಲ್ಲ ಹೋಟೆಲು ಬಂತು ಎಂದು ಹಿರಿಯರು ಹೇಳುತ್ತಾರೆ. ಕರಾವಳಿಯವರು ಊರೂರಿಗೆ ಉಡುಪಿ ಹೋಟೆಲು ಕೊಂಡೊಯ್ದಾಗ ಅದರ ಜೊತೆಗೇ ‘ಮಾಣಿ’ಯೂ ಹೋದ. ಸಾಮಾನ್ಯವಾಗಿ ಅವನು ಬಡ ಮನೆಯ ಹುಡುಗ, ಊಟ-ವಸತಿಯ ಆಸೆಗೆ ಬಂದವನು. ‘ಏ ಹುಡುಗಾ’ ಎಂದು ಹೋಟೆಲುಗಳಲ್ಲಿ ಕೂಗುತ್ತಿದ್ದ ಕಾಲದಲ್ಲಿ ಆ ಕಡೆಯಿಂದ ಓಡಿ ಬರುತ್ತಿದ್ದದ್ದು ನಿಜವಾಗಿಯೂ ಹುಡುಗನೇ. ಹದಿನಾಲ್ಕು ವರ್ಷದೊಳಗಿನ ಮಕ್ಕಳನ್ನು ಹೋಟೆಲು, ಢಾಬಾಗಳಲ್ಲಿ ದುಡಿಸುವುದನ್ನು ಕೇಂದ್ರದ ಕಾನೂನು ನಿಷೇಧಿಸಿದ್ದು 2006ರ ಅಕ್ಟೋಬರ್ 10ರಿಂದ. ನಮ್ಮ ಈ ಹಿರಿಯ ಸಪ್ಲಾಯರ್ ಕ್ಲೀನರ್ ಆಗಿ ಸೇರಿದಾಗ ಆ ತಡೆ ಇನ್ನೂ ಬಂದಿರಲಿಲ್ಲ. ಬಂದಿದ್ದರೆ ನಾನು ಏಳನೇ ಕ್ಲಾಸಾದರೂ ಮುಗಿಸುತ್ತಿದ್ದೆ ಎಂದು ಅವರು ಹೇಳಿದ್ದನ್ನು ಬರೆಯದೆ ಬಿಡಲಾರೆ.

ಕರೆಯುವ ಹಕ್ಕು ಕೂಡ ಎಲ್ಲರಿಗೂ ಇರಲಿಲ್ಲ. ಒಳಗೆ ಬರುವಂತಿಲ್ಲದವರು ಹೊರಗೆ ನಿಂತು, ದನಿ ತಗ್ಗಿಸಿ ಕೇಳಿ, ಬೇರೆ ಇಟ್ಟ ಲೋಟ ತೆಗೆದುಕೊಂಡು, ಮೇಲಿನಿಂದ ಹೊಯ್ದ ಚಹಾ ಕುಡಿದು, ತಾವೇ ತೊಳೆದಿಡಬೇಕಿತ್ತು. ನಮ್ಮ ನಾಡಿನ ಹಳ್ಳಿಗಳ ಚಹಾ ಅಂಗಡಿಗಳಲ್ಲಿ ಬಹುಕಾಲ ನಡೆದ ಅನ್ಯಾಯ ಇದು. ಸಂವಿಧಾನ ತನ್ನ 15ನೇ ವಿಧಿಯಲ್ಲಿ ಅಂಗಡಿ, ಹೋಟೆಲುಗಳನ್ನು ಹೆಸರಿಸಿಯೇ ಅಲ್ಲಿ ಜಾತಿಯ ಅಡ್ಡಿ ಸಲ್ಲದು ಎಂದಿದೆ. ಯಾರು ಬೇಕಾದರೂ ಕುರ್ಚಿಯಲ್ಲಿ ಕುಳಿತು ‘ಯಣ್ಣಾ’ ಎಂದು ಗಟ್ಟಿಯಾಗಿ ಕರೆಯಬಲ್ಲ ಹೋಟೆಲು ಸುಲಭಕ್ಕೆ ಬಂದದ್ದಲ್ಲ. ಬೆಳಗಿನ ಆ ಗದ್ದಲ ನನಗೆ ಇಷ್ಟವಾಗುವುದಕ್ಕೆ ದೊಡ್ಡ ಕಾರಣವೇ ಇದು.

ಐದು ಊರುಗಳ ಕರೆ ಒಂದೇ ತೆರನಲ್ಲ. ಕೂಡ್ಲಿಗಿಯ ಹೆದ್ದಾರಿ ಬದಿಯಲ್ಲಿ ಲಾರಿಯಿಂದ ಇಳಿಯದೆ ಹಾರ್ನ್ ಹೊಡೆದು ಚಹಾ ತರಿಸಿಕೊಳ್ಳುವ ಡ್ರೈವರುಗಳಿದ್ದಾರೆ. ಹಡಗಲಿಯಲ್ಲಿ ಮಲ್ಲಿಗೆ ಮೊಗ್ಗು ಬಿಡಿಸಿ ಪೇಟೆಗೆ ತಂದವರದು ನಸುಕಿನ ಮೆಲುದನಿಯ ಕರೆ. ಭೌಗೋಳಿಕ ಗುರುತು ಪಡೆದ ಆ ಮಲ್ಲಿಗೆಯ ವಾಸನೆ ಚಹಾದ ಲೋಟಕ್ಕೂ ಅಂಟಿರುತ್ತದೆ. ಅದೇ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆಗೆ ಭವಿಷ್ಯ ನುಡಿಯುವ ಕಾರ್ಣಿಕದ ಗೊರವಯ್ಯ ಬಿಲ್ಲನ್ನೇರಿ ‘ಸದ್ದಲೇ’ ಎಂದರೆ ಲಕ್ಷಾಂತರ ಜನ ಒಮ್ಮೆಗೇ ಉಸಿರು ಹಿಡಿಯುತ್ತಾರೆ. ಒಂದು ಕೂಗಿಗೆ ಇಷ್ಟು ಶಕ್ತಿಯಿರುವ ಸೀಮೆ ಇದು.

ಖಾನಾವಳಿಗಳಲ್ಲಿ ಕರೆಯುವ ಪ್ರಸಂಗವೇ ಕಡಿಮೆ. ರೊಟ್ಟಿ ಮುಗಿಯುವ ಮೊದಲೇ ಅಕ್ಕನೋ ಅತ್ತೆಯೋ ಇನ್ನೊಂದು ಹಾಕಿಬಿಡುತ್ತಾರೆ. ಸಾಕೆಂದರೆ ತಟ್ಟೆಗೆ ಅಂಗೈ ಅಡ್ಡ ಹಿಡಿಯಬೇಕು. ಹಿಡಿದರೂ ಬೆರಳ ಸಂದಿಯಲ್ಲಿ ಅರ್ಧ ರೊಟ್ಟಿ ಇಳಿಯುತ್ತದೆ. ಕೊಟ್ಟೂರೇಶ್ವರನ ತೇರಿಗೆ ಪಾದಯಾತ್ರೆಯಲ್ಲಿ ಬರುವವರಿಗಂತೂ ದಾರಿಯುದ್ದಕ್ಕೂ ಬಡಿಸುವವರೇ ಕೈಹಿಡಿದು ಕರೆಯುತ್ತಾರೆ: ‘ಬರ್ರಿ, ಉಂಡು ಹೋಗ್ರಿ.’ ದಾಸೋಹದ ಪಂಕ್ತಿಯಲ್ಲಿ ‘ಅನ್ನ, ಅನ್ನ’, ‘ಸಾರು, ಸಾರು’ ಎಂದು ಕೂಗುತ್ತ ಬರುವವರು ಬಡಿಸುವವರು. ಉಣ್ಣುವವರು ಸುಮ್ಮನೆ ಕುಳಿತಿದ್ದರಾಯಿತು. ಹೋಟೆಲಿನ ಸಪ್ಲಾಯರ್ ತಾನಾಗಿಯೇ ‘ಏನ್ ಕೊಡ್ಲಿ’ ಎನ್ನುವುದರಲ್ಲಿ ಈ ದಾಸೋಹದ ರೂಢಿಯ ಪಾಲೂ ಇದೆ ಎಂದು ನನಗನ್ನಿಸುತ್ತದೆ.

ಬಡಿಸುವವರನ್ನು ಬಂಧುತ್ವದ ಮಾತಿನಿಂದ ಕರೆಯುವುದು ನಮ್ಮಲ್ಲಿ ಮಾತ್ರವಲ್ಲ. ಕೊರಿಯಾದ ಸಣ್ಣ ಹೋಟೆಲುಗಳಲ್ಲಿ ಬಡಿಸುವ ಹೆಂಗಸರನ್ನು ‘ಇಮೋ’, ಅಂದರೆ ತಾಯಿಯ ತಂಗಿಯೋ ಅಕ್ಕನೋ ಎಂಬಂತೆ ಕರೆಯುವ ವಾಡಿಕೆಯಿದೆ. ಅದೇ ದೇಶದಲ್ಲಿ ಈಗ ಟೇಬಲ್ಲಿಗೊಂದು ಗುಂಡಿ ಕೂಡಿಸಿದ ಹೋಟೆಲುಗಳೂ ಬೇಕಾದಷ್ಟಿವೆ. ಒತ್ತಿದರೆ ಒಳಗೆ ಗಂಟೆ ಬಾರಿಸುತ್ತದೆ, ಬಾಯಿ ತೆರೆಯುವುದೇ ಬೇಡ.

ನಮ್ಮಲ್ಲಿ ಗುಂಡಿ ಬರಲಿಲ್ಲ, ಟೋಕನ್ ಬಂತು. ಬೆಂಗಳೂರಿನ ಜಯನಗರದಲ್ಲಿ 1983ರಲ್ಲಿ ಶುರುವಾದ ಕೆಫೆ ದರ್ಶಿನಿ ನಿಂತು ತಿನ್ನುವ, ತಾವೇ ತಂದುಕೊಳ್ಳುವ ಪದ್ಧತಿಗೆ ದಾರಿ ಹಾಕಿತು. ಅಗ್ಗ, ಶುಚಿ, ಬೇಗ, ಮೂರೂ ನಿಜ. ಆ ಪದ್ಧತಿ ಈಗ ತಾಲ್ಲೂಕು ಕೇಂದ್ರಗಳಿಗೂ ಬಂದಿದೆ. ಅಲ್ಲಿ ಸಪ್ಲಾಯರ್ ಬೇಕಿಲ್ಲ, ಕರೆಯೂ ಬೇಕಿಲ್ಲ. ಮೊಬೈಲಿನಿಂದ ದುಡ್ಡು ಹಾಕಿದರೆ ಗಲ್ಲಾದ ಮೇಲಿನ ಪುಟ್ಟ ಡಬ್ಬಿ ‘ಎಪ್ಪತ್ತು ರೂಪಾಯಿ ಬಂದಿದೆ’ ಎಂದು ತಾನೇ ಕೂಗುತ್ತದೆ. ‘ಕೆಂಪಂಗಿ’ ಎಂದು ಮಾತ್ರ ಅದು ಕೂಗಲಾರದು. ಮಳೆ ಕೈಕೊಟ್ಟ ವರ್ಷಗಳಲ್ಲಿ ಈ ತಾಲ್ಲೂಕುಗಳಿಂದ ಗುಳೆ ಹೊರಡುವ ಹುಡುಗರಲ್ಲಿ ಎಷ್ಟೋ ಮಂದಿ ಬೆಂಗಳೂರಿನ ಹೋಟೆಲುಗಳಲ್ಲೇ ತಟ್ಟೆ ಹಿಡಿಯುತ್ತಾರೆ. ಇಲ್ಲಿಯ ಹೋಟೆಲುಗಳಿಗೆ ಜನ ಸಿಗುತ್ತಿಲ್ಲ. ತಮ್ಮ ನಂತರ ಈ ಕೆಲಸಕ್ಕೆ ಯಾರೂ ಬರಲಿಕ್ಕಿಲ್ಲ, ಬರುವುದೂ ಬೇಡ, ಕಾಲು ಉಳಿಯುವುದಿಲ್ಲ ಎನ್ನುತ್ತಾರೆ ನಮ್ಮ ಹಿರಿಯರು. ಬೆಳಿಗ್ಗೆ ಆರಕ್ಕೆ ನಿಂತವರು ಮಧ್ಯಾಹ್ನ ಅಂಗಡಿ ಖಾಲಿಯಾದಾಗಲೇ ಕೂರುವುದು, ಅದೂ ಅಕ್ಕಿ ಚೀಲದ ಮೇಲೆ.

ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ಅಂಗಡಿ-ಮುಂಗಟ್ಟುಗಳ ನೌಕರರಿಗೆ ಕೂರಲು ಆಸನ ಇರಲೇಬೇಕೆಂದು ತಮ್ಮ ಕಾಯ್ದೆಗಳನ್ನು ತಿದ್ದಿದವು. ಕೊಟ್ಟೂರು, ಹರಪನಹಳ್ಳಿಯ ಹೋಟೆಲ್ ಸಾವ್ಕಾರರು ಕಾಯ್ದೆಗಾಗಿ ಕಾಯಬೇಕಾಗಿಲ್ಲ. ಅಡುಗೆಮನೆಯ ಬಾಗಿಲ ಪಕ್ಕ ಒಂದು ಸ್ಟೂಲ್ ಹಾಕಿಸಿದರೆ ಸಾಕು. ಕೂತಲ್ಲಿಂದಲೂ ಸಪ್ಲಾಯರಿಗೆ ಎಲ್ಲರ ಕರೆ ಕೇಳುತ್ತದೆ. ಓದುಗರೇ, ನೀವು ಈ ಕಡೆ ಬಂದರೆ ಚಿಟಿಕೆ, ಶಿಳ್ಳೆ ಬಿಡಿ. ವಯಸ್ಸು ನೋಡಿ ಅಣ್ಣಾ, ಕಾಕಾ, ಅಕ್ಕಾ ಅನ್ನಿ. ಅವರು ಕೂತಿದ್ದು ಕಂಡರೆ ಇನ್ನೆರಡು ಮಿರ್ಚಿಯನ್ನು ಮುಂದಿನ ಒಬ್ಬೆ ಬಂದಮೇಲೆ ಕೇಳಿ.