ಕೌದಿ ಹೊಲಿಯುವವರಿಗೆ ಕುಶಲಕರ್ಮಿ ಮಾನ್ಯತೆ ಮತ್ತು ಅಧ್ಯಯನ ಭೇಟಿ: ಗ್ರಾಮ ಪಂಚಾಯತಿ ಸದಸ್ಯರಿಗೆ ಮಾಹಿತಿ

ಹಳಿಯಾಳ, ದಾಂಡೇಲಿ, ಜೋಯಿಡಾ ಮತ್ತು ಮುಂಡಗೋಡ ತಾಲೂಕುಗಳ ಗ್ರಾಮಗಳಲ್ಲಿ ಕೌದಿ ಹೊಲಿಯುವ ಮಹಿಳೆಯರು ಇಂದಿಗೂ ಇದ್ದಾರೆ. ಹಳೆಯ ಸೀರೆ, ಪಂಚೆ, ಅಂಗಿಗಳ ತುಂಡುಗಳನ್ನು ಕೂಡಿಸಿ ಅವರು ಹೊಲಿದ ಹೊದಿಕೆ ಮನೆಯ ಮಕ್ಕಳನ್ನು ಮಳೆಗಾಲದ ಚಳಿಯಿಂದ ಕಾಪಾಡುತ್ತಾ ಬಂದಿದೆ. ಆದರೆ ಪಂಚಾಯತಿಯ ಯಾವುದೇ ಸಮೀಕ್ಷೆಯ ಉದ್ಯೋಗದ ಕಲಂನಲ್ಲಿ ಇಂಥ ಮಹಿಳೆಯ ಹೆಸರಿನ ಮುಂದೆ ‘ಕೂಲಿ’ ಅಥವಾ ‘ಮನೆಗೆಲಸ’ ಎಂದು ಬರೆಯುವುದೇ ರೂಢಿ. ಕುಶಲಕರ್ಮಿಗಳಿಗೆಂದು ಸರ್ಕಾರ ಒದಗಿಸಿರುವ ಗುರುತಿನ ಚೀಟಿ, ತರಬೇತಿ, ಮೇಳದ ಮಳಿಗೆ, ಪ್ರಶಸ್ತಿ ಇವೆಲ್ಲವೂ ಆ ಒಂದು ಪದದಿಂದಾಗಿ ಆಕೆಯ ಕೈಗೆ ಎಟುಕದೆ ಹೋಗುತ್ತವೆ. ಈ ದಾಖಲೆಯನ್ನು ಸರಿಪಡಿಸುವ ಮೊದಲ ಅವಕಾಶ ಗ್ರಾಮ ಪಂಚಾಯತಿಯದು.

ಸಂವಿಧಾನದ ಹನ್ನೊಂದನೆಯ ಅನುಸೂಚಿಯಲ್ಲಿ ಪಂಚಾಯತಿಗಳಿಗೆ ಸೂಚಿಸಲಾದ 29 ವಿಷಯಗಳಲ್ಲಿ ಒಂಬತ್ತನೆಯದು ಖಾದಿ, ಗ್ರಾಮೋದ್ಯೋಗ ಮತ್ತು ಗುಡಿ ಕೈಗಾರಿಕೆ. ಆದುದರಿಂದ ಈ ಕೆಲಸವನ್ನು ಬೇರೆ ಇಲಾಖೆಗೆ ಸೇರಿದ್ದೆಂದು ಬಿಟ್ಟುಬಿಡುವಂತಿಲ್ಲ.

ಕೌದಿಯ ಕುಶಲತೆ ಎಂದರೇನು?

ಉತ್ತರ ಕರ್ನಾಟಕದ ಅನೇಕ ಸಮುದಾಯಗಳಲ್ಲಿ ಕೌದಿ ಹೊಲಿಯುವ ಪದ್ಧತಿಯಿದೆ. ಈ ಭಾಗದ ಸಿದ್ದಿ ಮಹಿಳೆಯರ ಕೌದಿಗೆ ಅದರದೇ ಆದ ಲಕ್ಷಣಗಳಿವೆ. ಅವರ ಮನೆಮಾತಿನಲ್ಲಿ ಇದಕ್ಕೆ ‘ಕವಂದಿ’ ಎಂಬ ಹೆಸರೂ ಉಂಟು. ಕೆಳಗೆ ಒಂದು ಹಳೆಯ ಸೀರೆಯನ್ನು ಹಾಸಿ, ಒಂದು ಮೂಲೆಯಿಂದ ಆರಂಭಿಸಿ, ಅಂಚಿನ ಗುಂಟ ಬಣ್ಣದ ತುಂಡುಗಳನ್ನು ಇಡುತ್ತಾ, ಸಣ್ಣ ಸಣ್ಣ ನೇರ ಹೊಲಿಗೆಯಿಂದ ಎಲ್ಲ ಪದರಗಳನ್ನೂ ಒಟ್ಟಿಗೆ ಹಿಡಿದು ಹೊಲಿಯುತ್ತಾರೆ. ಸುತ್ತು ಸುತ್ತಾಗಿ ಸಾಗುವ ಹೊಲಿಗೆ ಕೊನೆಗೆ ನಡುವಿನಲ್ಲಿ ಬಂದು ಕೂಡುತ್ತದೆ. ನಾಲ್ಕು ಮೂಲೆಗಳಲ್ಲಿ ಬಟ್ಟೆಯನ್ನು ಮಡಚಿ ತ್ರಿಕೋನಾಕಾರದ ‘ಫುಲಾ’, ಅಂದರೆ ಹೂವು, ಇಟ್ಟ ಮೇಲೆಯೇ ಕೌದಿ ಪೂರ್ಣವಾಯಿತೆಂದು ಭಾವಿಸುತ್ತಾರೆ. ಹೂವಿಲ್ಲದ ಕೌದಿ ಬತ್ತಲೆ ಎಂಬುದು ಅವರ ಮಾತು. ಕ್ರೈಸ್ತ ಸಿದ್ದಿಯರ ಕೌದಿಯಲ್ಲಿ ಶಿಲುಬೆ, ಮುಸ್ಲಿಂ ಸಿದ್ದಿಯರ ಕೌದಿಯಲ್ಲಿ ಅರ್ಧಚಂದ್ರ ಕಾಣಿಸಿಕೊಳ್ಳುವುದುಂಟು. ನಕ್ಷೆಯನ್ನು ಮೊದಲೇ ಬರೆದಿಟ್ಟುಕೊಳ್ಳದೆ, ಕೈಗೆ ಬಂದ ತುಂಡಿನ ಬಣ್ಣ ನೋಡಿ ಮುಂದಿನದನ್ನು ನಿರ್ಧರಿಸುವುದೇ ಇದರ ಕುಶಲತೆ.

ಈ ಕೆಲಸದ ಮೌಲ್ಯವನ್ನು ಹೊರಗಿನವರು ಮೊದಲೇ ಗುರುತಿಸಿದ್ದಾರೆ. ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಜಾನ್ ಡ್ರೂವಲ್ ಅವರು ಈ ಜಿಲ್ಲೆಯ ಸಿದ್ದಿ ಮಹಿಳೆಯರ ಕೌದಿಗಳನ್ನು ಅಧ್ಯಯನ ಮಾಡಿದ್ದು, 2011ರಲ್ಲಿ ನ್ಯೂಯಾರ್ಕಿನ ಷೋಂಬರ್ಗ್ ಕೇಂದ್ರದಲ್ಲಿ ಅವುಗಳ ಪ್ರದರ್ಶನ ನಡೆದಿತ್ತು. ಸಮುದ್ರದಾಚೆಯ ಪ್ರದರ್ಶನಾಲಯದಲ್ಲಿ ಕಲೆ ಎನಿಸಿದ್ದು ಸ್ವಂತ ಗ್ರಾಮದ ದಾಖಲೆಯಲ್ಲಿ ಕಸುಬು ಎಂದೂ ನಮೂದಾಗದಿರುವುದು ಸರಿಪಡಿಸಬೇಕಾದ ಲೋಪ.

ಯಾವ ಕಸುಬು ಯಾವ ಕಛೇರಿಗೆ?

ಅರ್ಜಿಗಳು ತಿರಸ್ಕೃತವಾಗಲು ಮುಖ್ಯ ಕಾರಣಗಳಲ್ಲಿ ಒಂದು, ಕಸುಬನ್ನು ತಪ್ಪು ಹೆಸರಿನಲ್ಲಿ ದಾಖಲಿಸುವುದು. ಬಟ್ಟೆ ಮತ್ತು ಉಣ್ಣೆಯ ಕೆಲಸಗಳನ್ನು ಈ ಕೆಳಗಿನಂತೆ ವಿಂಗಡಿಸಿ ನೋಡಬೇಕು.

1. ಕೈಯಿಂದ ಕೌದಿ ಹೊಲಿಯುವುದು, ಕಸೂತಿ ಹಾಕುವುದು, ಲಂಬಾಣಿ ಕಸೂತಿ: ಇವು ಕರಕುಶಲ ಕೆಲಸಗಳು. ಕೇಂದ್ರ ಜವಳಿ ಸಚಿವಾಲಯದ ಅಧೀನದಲ್ಲಿರುವ ಕರಕುಶಲ ಅಭಿವೃದ್ಧಿ ಆಯುಕ್ತರ ಕಛೇರಿಯು ಇಂಥ ಕುಶಲಕರ್ಮಿಗಳಿಗೆ ‘ಪೆಹಚಾನ್’ ಎಂಬ ಗುರುತಿನ ಚೀಟಿ ನೀಡುತ್ತದೆ. ವಸ್ತುವು ಮುಖ್ಯವಾಗಿ ಕೈಯಿಂದಲೇ ತಯಾರಾಗಿರಬೇಕು ಮತ್ತು ಅದರಲ್ಲಿ ಅಲಂಕರಣದ ಅಂಶ ಇರಬೇಕು ಎಂಬುದು ಕರಕುಶಲ ವಸ್ತುವಿನ ಮುಖ್ಯ ಲಕ್ಷಣ. ಸೂಜಿಯಿಂದ ಉಣ್ಣೆಯ ಸ್ವೆಟರ್ ಹೆಣೆಯುವವರು ಮತ್ತು ಕ್ರೋಷಾ ಹಾಕುವವರು ಕೂಡ ತಮ್ಮ ಅರ್ಹತೆಯನ್ನು ಇದೇ ಕಛೇರಿಯಲ್ಲಿ ವಿಚಾರಿಸಬೇಕು.

2. ಮಗ್ಗದಲ್ಲಿ ಕಂಬಳಿ ಅಥವಾ ಬಟ್ಟೆ ನೇಯುವುದು: ಇದು ಕೈಮಗ್ಗಕ್ಕೆ ಸೇರಿದ್ದು. ನೇಕಾರರು ಕೈಮಗ್ಗ ಮತ್ತು ಜವಳಿ ಇಲಾಖೆಯನ್ನು ಸಂಪರ್ಕಿಸಬೇಕು.

3. ಯಂತ್ರದಲ್ಲಿ ರವಿಕೆ, ಅಂಗಿ ಹೊಲಿದು ಜೀವನ ಸಾಗಿಸುವುದು: ಇದು ದರ್ಜಿ ಕಸುಬು. ಇದು ಪಿಎಂ ವಿಶ್ವಕರ್ಮ ಯೋಜನೆಯ ಪಟ್ಟಿಯಲ್ಲಿದೆ.

ಪಿಎಂ ವಿಶ್ವಕರ್ಮ ಯೋಜನೆಯಲ್ಲಿ ವಹಿಸಬೇಕಾದ ಎಚ್ಚರ

17 ಸೆಪ್ಟೆಂಬರ್ 2023ರಂದು ಆರಂಭವಾದ ಈ ಯೋಜನೆಯಲ್ಲಿ 18 ಕಸುಬುಗಳಿವೆ. ಬಡಗಿ, ಕಮ್ಮಾರ, ಕುಂಬಾರ, ಗಾರೆ ಕೆಲಸಗಾರ, ಬುಟ್ಟಿ ಮತ್ತು ಚಾಪೆ ಹೆಣೆಯುವವರು, ದರ್ಜಿ, ಮೀನು ಬಲೆ ತಯಾರಕರು ಮುಂತಾದವರು ಇದರಲ್ಲಿ ಸೇರಿದ್ದಾರೆ. ಕೌದಿ ಹೊಲಿಯುವುದು, ಸ್ವೆಟರ್ ಹೆಣೆಯುವುದು, ಕಂಬಳಿ ನೇಯುವುದು ಈ ಪಟ್ಟಿಯಲ್ಲಿ ಇಲ್ಲ.

ಆಯ್ಕೆಯಾದವರಿಗೆ ಪ್ರಮಾಣಪತ್ರ ಮತ್ತು ಗುರುತಿನ ಚೀಟಿ, 5ರಿಂದ 7 ದಿನಗಳ ಮೂಲ ತರಬೇತಿ, ತರಬೇತಿಯ ಅವಧಿಗೆ ದಿನಕ್ಕೆ ₹500 ಭತ್ಯೆ, ₹15,000ವರೆಗೆ ಉಪಕರಣ ಸಹಾಯ, ಶೇ. 5ರ ಬಡ್ಡಿಯಲ್ಲಿ ಮೊದಲು ₹1 ಲಕ್ಷ ಹಾಗೂ ನಂತರ ₹2 ಲಕ್ಷದವರೆಗೆ ಸಾಲ ದೊರೆಯುತ್ತದೆ. ಸೌಲಭ್ಯ ದೊಡ್ಡದಾಗಿರುವುದರಿಂದ ಕೌದಿ ಹೊಲಿಯುವವರನ್ನೂ ‘ದರ್ಜಿ’ ಎಂದು ಬರೆಸಿಬಿಡುವ ಒತ್ತಡ ಸದಸ್ಯರ ಮೇಲೆ ಬರುವುದು ಸಹಜ. ಹಾಗೆ ಮಾಡುವುದರಿಂದ ಆ ಕುಟುಂಬಕ್ಕೇ ಹಾನಿ. ಈ ಯೋಜನೆಯಲ್ಲಿ ಒಂದು ಕುಟುಂಬದಿಂದ ಒಬ್ಬರಿಗೆ ಮಾತ್ರ ಅವಕಾಶವಿದ್ದು, ಪತಿ, ಪತ್ನಿ ಮತ್ತು ಅವಿವಾಹಿತ ಮಕ್ಕಳನ್ನು ಒಂದೇ ಕುಟುಂಬವೆಂದು ಪರಿಗಣಿಸಲಾಗುತ್ತದೆ.

ಒಂದು ಉದಾಹರಣೆ ನೋಡಬಹುದು. ಪತಿ ಬಿದಿರಿನ ಬುಟ್ಟಿ ಹೆಣೆಯುತ್ತಾನೆ. ಪತ್ನಿ ಕೌದಿ ಹೊಲಿಯುತ್ತಾಳೆ. ಪತ್ನಿಯನ್ನು ದರ್ಜಿ ಎಂದು ನೋಂದಾಯಿಸಿದರೆ, ನಿಜವಾಗಿ ಅರ್ಹನಾದ ಪತಿಯ ಅವಕಾಶ ತಪ್ಪುತ್ತದೆ. ಹೊಲಿಗೆ ಯಂತ್ರವನ್ನೇ ನಡೆಸದ ಪತ್ನಿಯ ಅರ್ಜಿಯೂ ಮುಂದಿನ ಪರಿಶೀಲನೆಯಲ್ಲಿ ನಿಲ್ಲದೆ ಹೋಗಬಹುದು. ಬದಲಾಗಿ ಪತಿ ಬುಟ್ಟಿ ಹೆಣೆಯುವವನಾಗಿ ವಿಶ್ವಕರ್ಮ ಯೋಜನೆಗೂ, ಪತ್ನಿ ಕೌದಿ ಕುಶಲಕರ್ಮಿಯಾಗಿ ಕರಕುಶಲ ಗುರುತಿನ ಚೀಟಿಗೂ ಅರ್ಜಿ ಸಲ್ಲಿಸಿದರೆ ಇಬ್ಬರ ಕಸುಬೂ ತಮ್ಮ ತಮ್ಮ ಹೆಸರಿನಲ್ಲೇ ದಾಖಲಾಗುತ್ತವೆ. ಕೌದಿಯ ಜೊತೆಗೆ ಯಂತ್ರದ ಹೊಲಿಗೆಯಿಂದಲೂ ನಿಜವಾಗಿ ದುಡಿಯುವ ಮಹಿಳೆ ದರ್ಜಿ ಎಂದು ಅರ್ಜಿ ಹಾಕಲು ಅಡ್ಡಿಯಿಲ್ಲ.

ವಿಶ್ವಕರ್ಮ ಅರ್ಜಿಗಳ ಪರಿಶೀಲನೆ ಮೂರು ಹಂತಗಳಲ್ಲಿ ನಡೆಯುತ್ತದೆ. ಮೊದಲನೆಯದು ಗ್ರಾಮ ಪಂಚಾಯತಿ, ಎರಡನೆಯದು ಜಿಲ್ಲಾ ಅನುಷ್ಠಾನ ಸಮಿತಿ, ಮೂರನೆಯದು ಪರಿಶೀಲನಾ ಸಮಿತಿ. ಅರ್ಜಿದಾರರು ಆ ಕಸುಬನ್ನು ನಿಜವಾಗಿ ಮಾಡುತ್ತಾರೆಯೇ ಎಂಬುದನ್ನು ಹತ್ತಿರದಿಂದ ಬಲ್ಲವರು ವಾರ್ಡಿನ ಸದಸ್ಯರೇ. ಮನೆಗೆ ಹೋಗಿ ಕೆಲಸವನ್ನು ಕಣ್ಣಾರೆ ಕಂಡು ಹೇಳುವ ಅಭಿಪ್ರಾಯಕ್ಕೆ ಬೆಲೆಯಿದೆ. ನೋಂದಣಿ ಉಚಿತವೆಂಬುದನ್ನೂ, ಮಧ್ಯವರ್ತಿಗಳಿಗೆ ಹಣ ಕೊಡಬಾರದೆಂಬುದನ್ನೂ ಗ್ರಾಮ ಸಭೆಯಲ್ಲಿ ತಿಳಿಸತಕ್ಕದ್ದು.

ಜಾತಿ ಪ್ರಮಾಣಪತ್ರದ ವಿಷಯ

ಉತ್ತರ ಕನ್ನಡ ಜಿಲ್ಲೆಯ ಸಿದ್ದಿ ಸಮುದಾಯವು 2003ರಲ್ಲಿ ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿತು. ನೆರೆಯ ಧಾರವಾಡ ಮತ್ತು ಬೆಳಗಾವಿ ಜಿಲ್ಲೆಗಳ ಸಿದ್ದಿಯರು 2020ರ ತಿದ್ದುಪಡಿಯಿಂದ ಪಟ್ಟಿಗೆ ಸೇರಿದರು. ಗಡಿಯಾಚೆಯ ಗ್ರಾಮಗಳಿಂದ ಮದುವೆಯಾಗಿ ಹಳಿಯಾಳ, ಮುಂಡಗೋಡ ತಾಲೂಕುಗಳಿಗೆ ಬಂದಿರುವ ಮಹಿಳೆಯರ ಪ್ರಮಾಣಪತ್ರದ ವಿಷಯದಲ್ಲಿ ಈ ಬದಲಾವಣೆ ಮುಖ್ಯವಾದುದು. ಅಂಥವರಿಗೆ ತವರಿನ ದಾಖಲೆಗಳೊಂದಿಗೆ ತಹಶೀಲ್ದಾರರ ಕಛೇರಿಯನ್ನು ಸಂಪರ್ಕಿಸಲು ಸದಸ್ಯರು ನೆರವಾಗಬಹುದು. ಆದರೆ ಕುಶಲಕರ್ಮಿ ಗುರುತಿನ ಚೀಟಿಗೆ ಕಸುಬೇ ಆಧಾರ. ಬೇರೆ ಸಮುದಾಯದ ಕೌದಿ ಕುಶಲಕರ್ಮಿಗಳನ್ನು ಪಟ್ಟಿಯಿಂದ ಬಿಡಬಾರದು.

ಅಧ್ಯಯನ ಭೇಟಿ ಏಕೆ ಮತ್ತು ಎಲ್ಲಿಗೆ?

ಗುರುತಿನ ಚೀಟಿ ಬಂದ ಮಾತ್ರಕ್ಕೆ ಮಾರಾಟ ಆಗುವುದಿಲ್ಲ. ಮನೆಯ ಬಳಕೆಗೆಂದು ಹೊಲಿದ ಕೌದಿಗೂ, ಅಪರಿಚಿತರು ಹಣ ಕೊಟ್ಟು ಕೊಳ್ಳುವ ಕೌದಿಗೂ ವ್ಯತ್ಯಾಸವಿದೆ. ಅಳತೆ, ಬಣ್ಣ ಬಿಡದಿರುವಿಕೆ, ಹೊಲಿಗೆಯ ಬಿಗಿ ಇವನ್ನು ಕೊಳ್ಳುವವರು ನೋಡುತ್ತಾರೆ. ಬಟ್ಟೆ ಅಥವಾ ನೂಲು ತಯಾರಾಗುವ ಒಂದು ಘಟಕವನ್ನು ಕಣ್ಣಾರೆ ಕಂಡರೆ ಇವು ಬೇಗ ಮನದಟ್ಟಾಗುತ್ತವೆ.

ಈ ನಾಲ್ಕೂ ತಾಲೂಕುಗಳಿಗೆ ಸಮೀಪದಲ್ಲಿರುವ ಉತ್ತಮ ಸ್ಥಳವೆಂದರೆ ಹುಬ್ಬಳ್ಳಿಯ ಬೆಂಗೇರಿಯಲ್ಲಿರುವ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ. 1957ರಲ್ಲಿ ಸ್ಥಾಪನೆಯಾದ ಈ ಸಂಘದ ಘಟಕದಲ್ಲಿ ರಾಷ್ಟ್ರಧ್ವಜ ತಯಾರಾಗುತ್ತದೆ. ಇಲ್ಲಿಯ ಕೆಲಸಗಾರರಲ್ಲಿ ಹೆಚ್ಚಿನವರು ಮಹಿಳೆಯರು. ಧ್ವಜದ ಬಟ್ಟೆ ಬಾಗಲಕೋಟೆ ಜಿಲ್ಲೆಯ ತುಳಸಿಗೇರಿಯಲ್ಲಿ ನೇಯಲ್ಪಟ್ಟು ಬರುತ್ತದೆ. ಬಳಿಕ ಬಣ್ಣ ಹಾಕುವುದು, ಎರಡೂ ಬದಿಗೆ ಒಂದಕ್ಕೊಂದು ಸರಿಹೊಂದುವಂತೆ 24 ಅರಗಳ ಚಕ್ರ ಮುದ್ರಿಸುವುದು, ಕತ್ತರಿಸುವುದು, ಹೊಲಿಯುವುದು ಹಂತ ಹಂತವಾಗಿ ನಡೆಯುತ್ತವೆ. ರಾಷ್ಟ್ರಧ್ವಜಕ್ಕೆ ಒಂಬತ್ತು ನಿಗದಿತ ಅಳತೆಗಳಿವೆ. ಅತಿ ದೊಡ್ಡದು 6300 × 4200 ಮಿ.ಮೀ., ಅತಿ ಚಿಕ್ಕದು 150 × 100 ಮಿ.ಮೀ. ಭಾರತೀಯ ಮಾನಕ ಬ್ಯೂರೋ ನಿಗದಿಪಡಿಸಿದ ಗುಣಮಟ್ಟಕ್ಕೆ ಹೊಂದದ ಧ್ವಜವನ್ನು ಹೊರಗೆ ಕಳುಹಿಸುವಂತಿಲ್ಲ.

ಇದರಿಂದ ಕೌದಿ ಹೊಲಿಯುವವರು ಕಲಿಯಬಹುದಾದ ಮುಖ್ಯ ಪಾಠ ಅಳತೆಯದು. ತೊಟ್ಟಿಲಿಗೆ, ಒಬ್ಬರ ಹಾಸಿಗೆಗೆ, ಇಬ್ಬರ ಹಾಸಿಗೆಗೆ ಎಂದು ಮೂರು ಅಳತೆಗಳನ್ನು ಗುಂಪಿನವರು ನಿಗದಿ ಮಾಡಿಕೊಂಡರೆ ಬೇಡಿಕೆಗೆ ತಕ್ಕಂತೆ ಪೂರೈಸಲು ಸಾಧ್ಯ. ಬಣ್ಣದ ಜೋಡಣೆ ಮಾತ್ರ ಹೊಲಿಯುವವಳ ಇಚ್ಛೆಗೇ ಇರಬೇಕು. ಅದನ್ನೂ ಒಂದೇ ನಮೂನೆಗೆ ತಂದರೆ ಕೌದಿಯ ವಿಶೇಷವೇ ಅಳಿಯುತ್ತದೆ.

ಎರಡನೆಯ ಪಾಠ ಮಾರುಕಟ್ಟೆಯದು. ಧ್ವಜ ಸಂಹಿತೆಗೆ 30 ಡಿಸೆಂಬರ್ 2021ರಂದು ಮಾಡಿದ ತಿದ್ದುಪಡಿಯ ಪ್ರಕಾರ ಯಂತ್ರದಿಂದ ತಯಾರಾದ ಮತ್ತು ಪಾಲಿಯೆಸ್ಟರ್ ಬಟ್ಟೆಯ ಧ್ವಜಗಳಿಗೂ ಅನುಮತಿ ದೊರೆಯಿತು. ಕೈನೂಲಿನ ಧ್ವಜ ಅಗ್ಗದ ಧ್ವಜದೊಡನೆ ಸ್ಪರ್ಧಿಸಬೇಕಾಯಿತು. ಕೌದಿಗೂ ಇದೇ ಸ್ಥಿತಿ: ಯಂತ್ರದಲ್ಲಿ ತಯಾರಾದ ಅಗ್ಗದ ಹೊದಿಕೆ ಪೇಟೆಯಲ್ಲಿ ಸಿಗುತ್ತದೆ. ಬೆಲೆಯಲ್ಲಿ ಅದರೊಡನೆ ಸ್ಪರ್ಧಿಸಲಾಗದು. ಕೈಕೆಲಸವೆಂದು ಖಚಿತಪಡಿಸಿಯೇ ಮಾರಬೇಕು. ಗುರುತಿನ ಚೀಟಿಯ ಉಪಯೋಗ ಇಲ್ಲಿಯೇ.

ಉಣ್ಣೆಯ ಕೆಲಸ ಮಾಡುವವರಿಗೆ ನೂಲಿನ ಪರಿಚಯ ಅವಶ್ಯ. ದಖ್ಖನಿ ಕುರಿಯ ಉಣ್ಣೆ ಒರಟು. ಕಂಬಳಿಗೆ ಹೊಂದುತ್ತದೆ, ಮೈಗೆ ತಾಗುವ ಸ್ವೆಟರಿಗೆ ಅಷ್ಟಾಗಿ ಹೊಂದದು. ಪೇಟೆಯಲ್ಲಿ ‘ಉಲನ್’ ಎಂದು ಮಾರುವ ನೂಲಿನಲ್ಲಿ ಬಹಳಷ್ಟು ಅಕ್ರಿಲಿಕ್ ಆಗಿರುತ್ತದೆ. ಒಂದು ಎಳೆಯನ್ನು ಸುಟ್ಟು ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ಉಣ್ಣೆ ಕೂದಲು ಸುಟ್ಟ ವಾಸನೆ ಬೀರಿ ಪುಡಿಯಾಗುವ ಬೂದಿಯಾಗುತ್ತದೆ. ಅಕ್ರಿಲಿಕ್ ಕರಗಿ ಗಟ್ಟಿ ಗುಂಡಾಗುತ್ತದೆ. ಯಾವ ನೂಲು ಬಳಸಿದ್ದೇವೆ ಎಂಬುದನ್ನು ಕೊಳ್ಳುವವರಿಗೆ ಸತ್ಯವಾಗಿ ತಿಳಿಸುವುದು ಕುಶಲಕರ್ಮಿಯ ಹೆಸರನ್ನು ಉಳಿಸುತ್ತದೆ.

ಬೆಲೆಯ ಲೆಕ್ಕ

ಉದ್ಯೋಗ ಖಾತರಿಯಲ್ಲಿ 2025-26ನೇ ಸಾಲಿಗೆ ರಾಜ್ಯದಲ್ಲಿ ನಿಗದಿಯಾದ ದಿನಗೂಲಿ ₹370. ಒಂದು ಕೌದಿಗೆ 12 ದಿನಗಳ ಪೂರ್ಣ ದುಡಿಮೆ ಬೇಕಾಯಿತೆಂದು ಇಟ್ಟುಕೊಂಡರೆ ಕೂಲಿಯೇ ₹4,440 ಆಗುತ್ತದೆ. ಅದನ್ನು ₹1,000ಕ್ಕೆ ಮಾರಿದರೆ ದಿನಕ್ಕೆ ದೊರೆತದ್ದು ₹83 ಮಾತ್ರ. ಈ ಲೆಕ್ಕವನ್ನು ಸ್ವಸಹಾಯ ಸಂಘದ ಸಭೆಯಲ್ಲಿ ಮಹಿಳೆಯರೇ ತಮ್ಮ ದಿನಗಳನ್ನು ಎಣಿಸಿ ಮಾಡುವಂತಾಗಬೇಕು. ದಿನದ ಬೆಲೆ ತಿಳಿಯದವರು ಕೊಳ್ಳುವವರು ಹೇಳಿದ ಬೆಲೆಗೆ ಒಪ್ಪುತ್ತಾರೆ.

ಗ್ರಾಮ ಪಂಚಾಯತಿ ಕೈಗೊಳ್ಳಬಹುದಾದ ಕ್ರಮಗಳು

1. ವಾರ್ಡ್ ಸಭೆಯಲ್ಲಿ ಕೌದಿ, ಹೆಣಿಗೆ, ಕಂಬಳಿ, ಬುಟ್ಟಿ ಮುಂತಾದ ಕಸುಬುಗಳವರ ಪಟ್ಟಿ ತಯಾರಿಸಿ, ಕಸುಬನ್ನು ಅದರ ಸರಿಯಾದ ಹೆಸರಿನಲ್ಲಿಯೇ ನಮೂದಿಸುವುದು. ವಯಸ್ಸಾದವರನ್ನು ಬಿಡದಿರುವುದು, ಕಲಿಸಬಲ್ಲವರು ಅವರೇ.

2. ಆಧಾರ್, ಬ್ಯಾಂಕ್ ಪಾಸ್‌ಬುಕ್ ಮತ್ತು ಮೊಬೈಲ್ ಸಂಖ್ಯೆಗಳಲ್ಲಿ ಹೆಸರು ಹಾಗೂ ಜೋಡಣೆ ಸರಿಯಿವೆಯೇ ಎಂದು ಮೊದಲೇ ಪರಿಶೀಲಿಸುವುದು. ಒಂದು ಅಕ್ಷರದ ವ್ಯತ್ಯಾಸದಿಂದ ಅರ್ಜಿ ನಿಲ್ಲಬಹುದು.

3. ಕೌದಿ ಹೊಲಿಯುತ್ತಿರುವಾಗಲೇ ಕುಶಲಕರ್ಮಿಯ ಮತ್ತು ಕೆಲಸದ ಛಾಯಾಚಿತ್ರ ತೆಗೆದಿಡುವುದು. ಪರಿಶೀಲನೆಯ ವೇಳೆ ಇದು ನೆರವಾಗುತ್ತದೆ.

4. ಸಂಜೀವಿನಿ ಯೋಜನೆಯ ಗ್ರಾಮ ಪಂಚಾಯತಿ ಮಟ್ಟದ ಒಕ್ಕೂಟದೊಡನೆ ಚರ್ಚಿಸಿ ಅಧ್ಯಯನ ಭೇಟಿಯನ್ನು ಯೋಜಿಸುವುದು. ಭೇಟಿ ನೀಡುವ ಸಂಸ್ಥೆಗೆ ಮುಂಚಿತವಾಗಿ ಪತ್ರ ಬರೆದು ಅನುಮತಿ ಪಡೆಯುವುದು. ಜೋಯಿಡಾದ ಒಳಹಳ್ಳಿಗಳಿಂದ ಹೊರಡುವವರಿಗೆ ವಾಹನ ಹಾಗೂ ಮರಳುವ ಸಮಯವನ್ನು ಮೊದಲೇ ನಿಶ್ಚಯಿಸುವುದು. ನಾಟಿ ಮತ್ತು ಕೊಯ್ಲಿನ ದಿನಗಳನ್ನು ಬಿಟ್ಟು ದಿನಾಂಕ ಗೊತ್ತುಪಡಿಸುವುದು.

5. ವ್ಯವಹಾರ ತರಬೇತಿಗಾಗಿ ಹಳಿಯಾಳದ ಕೆನರಾ ಬ್ಯಾಂಕ್ ದೇಶಪಾಂಡೆ ಗ್ರಾಮೀಣ ಸ್ವ-ಉದ್ಯೋಗ ತರಬೇತಿ ಸಂಸ್ಥೆಯನ್ನು ಸಂಪರ್ಕಿಸುವುದು.

6. ಈ ಚಟುವಟಿಕೆಗಳನ್ನು ಗ್ರಾಮ ಪಂಚಾಯತಿ ಅಭಿವೃದ್ಧಿ ಯೋಜನೆಯಲ್ಲಿ ಸೇರಿಸಿ, ಸಾಮಾಜಿಕ ನ್ಯಾಯ ಸ್ಥಾಯಿ ಸಮಿತಿಯ ಸಭೆಯಲ್ಲಿ ಪ್ರಗತಿಯನ್ನು ಪರಿಶೀಲಿಸುವುದು.

ಸನ್ಮಾನ ಸಮಾರಂಭದಲ್ಲಿ ಶಾಲು ಹೊದಿಸಿ ಗೌರವಿಸುವುದು ಒಳ್ಳೆಯ ಪದ್ಧತಿಯೇ. ಆದರೆ ಹೊದಿಕೆಯನ್ನೇ ಹೊಲಿಯುವ ಮಹಿಳೆಗೆ ಶಾಲಿಗಿಂತ ಹೆಚ್ಚಿನ ಉಪಯೋಗ ಆಕೆಯ ಹೆಸರು ಮತ್ತು ಕಸುಬನ್ನು ಸರಿಯಾಗಿ ಬರೆದ ಒಂದು ಚೀಟಿಯಿಂದ ಆಗುತ್ತದೆ. ಮುಂದಿನ ವಾರ್ಡ್ ಸಭೆಯಲ್ಲಿ ‘ಕೂಲಿ’ ಎಂದು ಬರೆಯುವ ಮೊದಲು ಮನೆಯ ಕಟ್ಟೆಯ ಮೇಲೆ ಒಣಗಲು ಹಾಕಿರುವ ಕೌದಿಯನ್ನು ಹೊಲಿದವರು ಯಾರೆಂದು ಸದಸ್ಯರು ಕೇಳಿದರೆ ಈ ಕೆಲಸ ಆರಂಭವಾದಂತೆ.